ಟೆಸ್ಟ್ ರೈಡ್ ಎರಡೂವರೆ ಕಿಲೋಮೀಟರ್, ನಿಜವಾದ ಪರೀಕ್ಷೆ ಬನಶಂಕರಿ ಜಾತ್ರೆಯಲ್ಲಿ

ಶೋರೂಮಿನವರು ಕೊಟ್ಟ ಟೆಸ್ಟ್ ರೈಡ್ ಬರೋಬ್ಬರಿ ಎರಡೂವರೆ ಕಿಲೋಮೀಟರ್. ಅದರಲ್ಲೂ ಹಿಂದೆ ಅವರದೇ ಹುಡುಗ ಕೂತಿದ್ದ. ಮೂರನೇ ಗೇರ್ ಹಾಕಿದ ಕೂಡಲೇ "ಸಾವಕಾಶ ರೀ ಸರ್, ಡೆಮೊ ಗಾಡಿ ಐತಿ" ಅಂತ ಭುಜ ಹಿಡಿದ. ಬೆಳಿಗ್ಗೆ ಒಂಬತ್ತೂವರೆ, ತಣ್ಣನೆ ಗಾಳಿ, ಹೊಸ ಡಾಂಬರು, ಒಂದು ಯೂ ಟರ್ನ್. ಇಷ್ಟರ ಮೇಲೆ ಏಳು ಲಕ್ಷ ದಾಟುವ ಬೈಕ್ ತಗೋಬೇಕೋ ಬೇಡವೋ ಅಂತ ನಾನು ತೀರ್ಮಾನ ಮಾಡಬೇಕಿತ್ತು. ಎಂಜಿನ್ ಸರಿಯಾಗಿ ಬಿಸಿ ಆಗುವ ಮೊದಲೇ ಕೀ ವಾಪಸ್ ಕೊಟ್ಟಿದ್ದೆ. ಮರುದಿನದಿಂದ ದಿನಕ್ಕೆ ಎರಡು ಸಲ ಫೋನ್, "ಸರ್, ಬುಕಿಂಗ್ ಮಾಡ್ಸೋಣ್ರಿ?"

ಹಾಗಾಗಿ ದೋಸ್ತನಿಗೆ ಗಂಟು ಬಿದ್ದೆ. ಅವನು ಎಂಟು ತಿಂಗಳ ಹಿಂದೆ ಅದೇ ಬೈಕ್ ತಗೊಂಡಿದ್ದಾನೆ, ಕವಾಸಾಕಿ ನಿಂಜಾ 650. ನನ್ನದು 2021ರ ಡಾಮಿನಾರ್ 400, ಇಲ್ಲಿಯವರೆಗೆ 38 ಸಾವಿರ ಕಿಲೋಮೀಟರ್ ಓಡಿದೆ. ಎರಡನ್ನೂ ಜನ ಸ್ಪೋರ್ಟ್ಸ್ ಟೂರರ್, ಅಂದರೆ ವೇಗಕ್ಕೂ ದೂರದ ಪ್ರಯಾಣಕ್ಕೂ ಆಗುವ ಬೈಕ್ ಅಂತಲೇ ಕರೆಯುತ್ತಾರೆ, ಆದರೆ ಎಂಜಿನ್ ಶಕ್ತಿ ನನ್ನದರದ್ದು 40 ಪಿಎಸ್, ನಿಂಜಾದ್ದು 68. ಬೆಳಗಾವಿಯಿಂದ ಬಾದಾಮಿ, ಐಹೊಳೆ, ವಿಜಯಪುರ ಮುಟ್ಟಿ ವಾಪಸ್ ಬರೋಣ, ನಡುವೆ ಬೈಕ್ ಅದಲು ಬದಲು ಮಾಡಿಕೊಳ್ಳೋಣ ಅಂತ ಮಾತಾಯಿತು. ಸುತ್ತಾಟವೂ ಸೇರಿ ಸುಮಾರು 600 ಕಿಲೋಮೀಟರ್, ನಾಲ್ಕು ದಿನ. ಜನವರಿ ತಿಂಗಳು, ಬಿಸಿಲು ಕಡಿಮೆ ಅಂದುಕೊಂಡೆವು. ಆ ತಿಂಗಳಲ್ಲಿ ಬೇರೆ ಏನೇನಿರುತ್ತದೆ ಅಂತ ಇಬ್ಬರೂ ಯೋಚನೆ ಮಾಡಲಿಲ್ಲ. ಉತ್ತರ ಕರ್ನಾಟಕದಲ್ಲೇ ಹುಟ್ಟಿ ಬೆಳೆದವರು ನಾವು, ನಾಚಿಕೆ ಆಗಬೇಕು.

ಸಾಂಬ್ರಾ ದಾಟಿ ನೇಸರಗಿ, ಯರಗಟ್ಟಿ, ಲೋಕಾಪುರ, ಇದು ಬಾಗಲಕೋಟೆ ರಸ್ತೆ. ಬೆಳಗಿನ ಆರಕ್ಕೆ ಬಿಟ್ಟರೆ ಚೆನ್ನಾಗಿರುತ್ತದೆ. ನಾವು ಎಂಟಕ್ಕೆ ಬಿಟ್ಟೆವು, ಅಷ್ಟೊತ್ತಿಗೆ ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆಗೆ ಇಳಿದಿದ್ದವು. ಈ ಕಡೆಯವರಿಗೆ ಹೇಳಬೇಕಾಗಿಲ್ಲ, ಬೆಂಗಳೂರಿನಿಂದ ಬರುವವರಿಗೆ ಹೇಳುತ್ತಿದ್ದೇನೆ. ಒಂದು ಇಂಜಿನ್, ಹಿಂದೆ ಎರಡು ಟ್ರೇಲರ್, ಕಬ್ಬು ಎರಡೂ ಬದಿಗೆ ಒಂದೊಂದು ಮೊಳ ಹೊರಗೆ ಚಾಚಿಕೊಂಡಿರುತ್ತದೆ. ಮೇಲೆ ದೊಡ್ಡ ಸ್ಪೀಕರ್, ಜಾನಪದ ಹಾಡು. ನೀವು ಎಷ್ಟು ಹಾರ್ನ್ ಹೊಡೆದರೂ ಡ್ರೈವರಿಗೆ ಕೇಳಿಸುವುದಿಲ್ಲ. ಓವರ್‌ಟೇಕ್ ಮಾಡುವಾಗ ಕೈ ಬೀಸಿದ್ದು ಅವನ ಕನ್ನಡಿಯಲ್ಲಿ ಕಂಡರೆ ನಿಮ್ಮ ಪುಣ್ಯ. ರಸ್ತೆ ಮೇಲೆ ಬಿದ್ದ ಕಬ್ಬಿನ ಗಳ ಇದೆಯಲ್ಲ, ಅದು ಟೈರಿನ ಕೆಳಗೆ ಲಟ್ಟಣಿಗೆ ತರಹ ಉರುಳುತ್ತದೆ. ಅದರ ಮೇಲೆ ಬ್ರೇಕ್ ಹಾಕಬೇಡಿ, ನೇರ ದಾಟಿಬಿಡಿ. ನವೆಂಬರಿನಿಂದ ಮಾರ್ಚ್‌ವರೆಗೆ ಕತ್ತಲಾದ ಮೇಲೆ ಈ ಭಾಗದಲ್ಲಿ ಬೈಕ್ ಓಡಿಸಲೇಬೇಡಿ. ಹಿಂದಿನ ಟ್ರೇಲರಿಗೆ ಲೈಟೂ ಇರುವುದಿಲ್ಲ, ರಿಫ್ಲೆಕ್ಟರೂ ಇರುವುದಿಲ್ಲ, ಹತ್ತಿರ ಹೋದ ಮೇಲೆಯೇ ಅದು ಟ್ರೇಲರ್ ಅಂತ ಗೊತ್ತಾಗುವುದು.

ಯರಗಟ್ಟಿಯಲ್ಲಿ ಚಹಾ ಕುಡಿದು ಬೈಕ್ ಬದಲಿಸಿದೆವು. ನಿಂಜಾ ಮೇಲೆ ಕೂತರೆ ಎರಡೂ ಕಾಲು ನೆಲಕ್ಕೆ ಸಲೀಸಾಗಿ ಸಿಗುತ್ತವೆ, ಸೀಟಿನ ಎತ್ತರ 790 ಮಿಲಿಮೀಟರ್. 196 ಕೆಜಿ ತೂಕ, ಆದರೆ ಹೊರಟ ಮೇಲೆ ಆ ಭಾರ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಅವಳಿ ಸಿಲಿಂಡರ್ ಅಂದರೆ ಏನು ಅಂತ ಆ ರಸ್ತೆಯಲ್ಲಿ ಅರ್ಥ ಆಯಿತು. ನನ್ನ ಗಾಡಿಯಲ್ಲಿ ಓವರ್‌ಟೇಕ್ ಮಾಡಬೇಕಾದರೆ ಮೊದಲು ಒಂದು ಗೇರ್ ಇಳಿಸಬೇಕು, ಆಮೇಲೆ ಎದುರಿಗೆ ಯಾರು ಬರುತ್ತಿದ್ದಾರೆ ಅಂತ ಇನ್ನೊಮ್ಮೆ ನೋಡಬೇಕು. ಇದರಲ್ಲಿ ಮಣಿಕಟ್ಟು ಸ್ವಲ್ಪ ತಿರುಗಿಸಿದರೆ ಟ್ರ್ಯಾಕ್ಟರ್ ಹಿಂದೆ ಬಿದ್ದಿರುತ್ತದೆ. ಅರ್ಧ ಗಂಟೆ ನಾನು ಹೆಲ್ಮೆಟ್ ಒಳಗೇ ನಗುತ್ತಿದ್ದೆ. ಬುಕಿಂಗ್ ಮಾಡಿಯೇಬಿಡುವುದು ಅಂತ ಲೆಕ್ಕ ಹಾಕುತ್ತಿದ್ದೆ.

ಆಮೇಲೆ ಹಂಪ್ ಬಂತು.

ಊರ ಹೆಸರು ಬೇಡ, ಎಲ್ಲ ಊರಲ್ಲೂ ಇದೇ ಕಥೆ. ಬಣ್ಣ ಇಲ್ಲ, ಬೋರ್ಡ್ ಇಲ್ಲ, ಯಾರೋ ಊರವರೇ ಮಣ್ಣು ಜಲ್ಲಿ ಸುರಿದು ಮೇಲೆ ಡಾಂಬರು ಹಚ್ಚಿದ್ದಾರೆ, ಆಕಾರ ನೋಡಿದರೆ ಹೊಲದ ಒಡ್ಡು. ಕೆಳಗಿನಿಂದ ಕರ್ರ್ ಅಂತ ಸದ್ದು ಬಂತು, ನನ್ನ ಹಲ್ಲು ಜುಮ್ ಅಂದವು. ಈ ಬೈಕಿನ ಸೈಲೆನ್ಸರ್ ಇರುವುದು ಎಂಜಿನ್ನಿನ ಹೊಟ್ಟೆಯ ಕೆಳಗೆ, ನೆಲಕ್ಕೂ ಗಾಡಿಗೂ ಅಂತರ 130 ಮಿಲಿಮೀಟರ್. ನನ್ನ ಡಾಮಿನಾರಿಗೆ 157. ಕಾಗದದ ಮೇಲೆ 27 ಮಿಲಿಮೀಟರ್ ಏನು ಮಹಾ ಅನಿಸುತ್ತದೆ, ಅಲ್ವಾ? ಚಹಾ ಅಂಗಡಿಯ ಪಾರ್ಲೆ ಬಿಸ್ಕಿಟ್ ನಾಲ್ಕೈದು ಒಂದರ ಮೇಲೊಂದು ಇಟ್ಟು ನೋಡಿ. ದೋಸ್ತ ಹಿಂದಿನಿಂದ ಬಂದವನು ಬೈಕ್ ನಿಲ್ಲಿಸಿ, ನೆಲಕ್ಕೆ ಮಲಗಿ ಕೆಳಗೆ ನೋಡಿದ. ಬೈಯಲಿಲ್ಲ. "ಅಡ್ಡ ದಾಟಿಸಬೇಕಪಾ, ನೆಟ್ಟಗ ಅಲ್ಲ" ಅಂದ ಅಷ್ಟೇ. ಅಂದರೆ ಹಂಪನ್ನು ಓರೆಯಾಗಿ ಹತ್ತಿಸಿ ಓರೆಯಾಗಿಯೇ ಇಳಿಸಬೇಕು, ಒಬ್ಬರೇ ಇದ್ದರೆ ಆಗುತ್ತದೆ, ಹಿಂದೆ ಹೆಂಡತಿ ಕೂತಿದ್ದರೆ ಅವರನ್ನು ಇಳಿಸಿ. ಶೋರೂಮಿನ ಎರಡೂವರೆ ಕಿಲೋಮೀಟರಿನಲ್ಲಿ ಒಂದೂ ಹಂಪ್ ಇರಲಿಲ್ಲ.

ಗದ್ದನಕೇರಿ ಕ್ರಾಸಿನಿಂದ ಕೆರೂರು, ಅಲ್ಲಿಂದ ಬಾದಾಮಿ. ಕೆರೂರು ಬಿಟ್ಟ ಮೇಲೆ ನಮ್ಮ ಮುಂದೆ ಚಕ್ಕಡಿ ಸಾಲು, ಟೆಂಪೊ, ಜೀಪು, ತಲೆ ಮೇಲೆ ಗಂಟು ಇಟ್ಟುಕೊಂಡು ನಡೆಯುವವರು. ಆಗ ತಲೆಗೆ ಹೊಳೆಯಿತು, ಬನದ ಹುಣ್ಣಿಮೆ, ಬನಶಂಕರಿ ಜಾತ್ರೆ. ತೇರು ಆದ ಮೇಲೂ ವಾರಗಟ್ಟಲೆ ನಡೆಯುವ ಜಾತ್ರೆ ಇದು, ನಾಟಕ ಕಂಪನಿಗಳೆಲ್ಲ ಬಂದು ಟೆಂಟ್ ಹಾಕುತ್ತವೆ. ಹತ್ತು ಕಿಲೋಮೀಟರ್ ದಾಟುವುದಕ್ಕೆ ಮುಕ್ಕಾಲು ಗಂಟೆ. ನಾನು ಆಗಲೂ ನಿಂಜಾ ಮೇಲೇ ಇದ್ದೆ. ಪೂರ್ತಿ ಫೇರಿಂಗ್, ಅಂದರೆ ಮುಂದೆ ಮತ್ತು ಎರಡೂ ಬದಿಗೆ ಪ್ಲಾಸ್ಟಿಕ್ ಹೊದಿಕೆ ಇರುವ ಬೈಕಿನ ಗುಟ್ಟು ಹೊರಬೀಳುವುದು ಇಲ್ಲೇ. ಓಡುತ್ತಿದ್ದಾಗ ಫೇರಿಂಗ್ ಗಾಳಿ ತಡೆದು ಸುಖ ಕೊಡುತ್ತದೆ. ನಿಂತಾಗ ರೇಡಿಯೇಟರ್ ಫ್ಯಾನ್ ಬುರ್ ಅಂತ ಶುರುವಾಗಿ ಬಿಸಿಗಾಳಿ ತೊಡೆಗೂ ಮೀನಖಂಡಕ್ಕೂ ಬಡಿಯುತ್ತದೆ. ಯಾವ ಕಂಪನಿಯ ದೊಡ್ಡ ಎಂಜಿನ್ ಆದರೂ ಇಷ್ಟೇ, ಅಷ್ಟು ಶಕ್ತಿ ಹುಟ್ಟುವ ಕಡೆ ಕಾವು ಎಲ್ಲಿಗಾದರೂ ಹೋಗಬೇಕಲ್ಲ. ಪಕ್ಕದ ಚಕ್ಕಡಿಯಲ್ಲಿದ್ದ ಅಜ್ಜ ಬಗ್ಗಿ ನೋಡಿ ಕೇಳಿದ, "ಆವರೇಜ್ ಎಷ್ಟ್ ಕೊಡ್ತೈತ್ರಿ ಇದು?" ಇಪ್ಪತ್ತೆರಡು ಅಂದೆ. "ಎತ್ತ ಛಲೋ ಬಿಡ್ರಿ" ಅಂದ. ಅವನ ಎತ್ತು ನಮಗಿಂತ ಮೊದಲೇ ಮುಂದೆ ಹೋಯಿತು.

ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರದ ಕಡೆ ಪಾದರಸ 40 ಡಿಗ್ರಿ ದಾಟುತ್ತದೆ. ಆಗ ಇದೇ ಟ್ರಾಫಿಕ್ಕಿನಲ್ಲಿ ಸಿಕ್ಕರೆ ಹೇಗೆ ಅಂತ ನೆನೆಸಿಕೊಳ್ಳಿ. ಜೀನ್ಸ್ ಸಾಲದು, ರೈಡಿಂಗ್ ಪ್ಯಾಂಟ್ ಹಾಕಿ.

ರೂಮಿನ ವಿಷಯಕ್ಕೆ ಬರುತ್ತೇನೆ, ಇನ್ನೂ ಹೊಟ್ಟೆ ಉರಿಯುತ್ತಿದೆ. ಫೋನಿನಲ್ಲಿ 1,100 ಅಂದಿದ್ದ ಲಾಡ್ಜಿನವರು ಎದುರಿಗೆ ನಿಂತ ಮೇಲೆ 2,800 ಅಂದರು. "ಜಾತ್ರಿ ಐತ್ರಿ ಸರ್" ಅಂತ ಒಂದೇ ಮಾತು. ಬಿಸಿನೀರು ಬೆಳಿಗ್ಗೆ ಆರರಿಂದ ಏಳು, ಅದೂ ಬಕೆಟ್ಟಿನಲ್ಲಿ. ಪಾರ್ಕಿಂಗ್ ಇದೆ ಅಂದಿದ್ದು ಎದುರಿನ ಖಾಲಿ ಜಾಗ, ಅಲ್ಲಿ ಹಂದಿ ಓಡಾಡುತ್ತಿದ್ದವು, ಅದಕ್ಕೆ ಬೈಕಿಗೆ ನೂರರಂತೆ ಬೇರೆ. ದೋಸ್ತ ರಾತ್ರಿ ಮೂರು ಸಲ ಎದ್ದು ಕಿಟಕಿಯಿಂದ ಬೈಕ್ ನೋಡಿದ, ಊರ ಹುಡುಗರು ಅದರ ಮೇಲೆ ಹತ್ತಿ ಫೋಟೊ ತೆಗೆಸಿಕೊಳ್ಳುತ್ತಿದ್ದರಂತೆ. ನನ್ನದನ್ನು ಯಾರೂ ಮುಟ್ಟಲಿಲ್ಲ. ದೊಡ್ಡ ಬೈಕ್ ತಗೊಳ್ಳುವವರು ಇದನ್ನೂ ಲೆಕ್ಕಕ್ಕೆ ಹಿಡಿಯಿರಿ, ಒಳಗೆ ಗೇಟ್ ಹಾಕುವ ಪಾರ್ಕಿಂಗ್ ಇಲ್ಲದ ಲಾಡ್ಜ್ ಬೇಡವೇ ಬೇಡ. ಜಾತ್ರೆ ಇದ್ದಾಗ ಹೋಗಲೇಬೇಕಾದರೆ ಬಾಗಲಕೋಟೆಯಲ್ಲಿ ಉಳಿಯಿರಿ, ಬೆಳಿಗ್ಗೆ ಒಂದು ಗಂಟೆಯೊಳಗೆ ಬಾದಾಮಿ ಮುಟ್ಟಬಹುದು.

ಆದರೆ ಊಟ! ಬನಶಂಕರಿ ಗುಡಿಯ ಹತ್ತಿರ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ರೊಟ್ಟಿ ಊಟ ತಂದು ಮಾರುತ್ತಾರೆ, ಹೊಂಡದ ದಂಡೆಯ ಆಚೀಚೆ. ಹೆಲ್ಮೆಟ್ ಪಕ್ಕಕ್ಕಿಟ್ಟು ಒಬ್ಬ ಅಕ್ಕನ ಮುಂದೆ ನೆಲಕ್ಕೆ ಕೂತೆವು. ಮೆತ್ತನೆ ರೊಟ್ಟಿ, ಕಡಕ್ ರೊಟ್ಟಿ ಎರಡೂ ಇತ್ತು. ಪುಂಡಿ ಪಲ್ಯ, ಮಡಕಿ ಕಾಳು, ಎಣ್ಣೆಗಾಯಿ, ಕೆಂಪು ಚಟ್ನಿ, ಮೇಲೆ ಗಟ್ಟಿ ಮೊಸರು. ಪುಂಡಿ ಪಲ್ಯದ ಹುಳಿ ನಾಲಿಗೆಗೆ ತಾಗಿದ ಮೇಲೆ ಕಾಲಿನ ಉರಿ ಮರೆತೇ ಹೋಯಿತು. ಕೊನೆಗೆ ಮೊಸರನ್ನ, ಅದರ ಮೇಲೆ ಅವರೇ ಕೈಯಾರೆ ಶೇಂಗಾ ಚಟ್ನಿ ಉದುರಿಸಿದರು. ನಾನು ಬೆವರು ಒರೆಸಿಕೊಳ್ಳುವುದನ್ನು ನೋಡಿ "ಯಪ್ಪಾ, ನೀರ್ ಕುಡಿ ಮೊದ್ಲ, ರೊಟ್ಟಿ ಎಲ್ಲೂ ಓಡಿ ಹೋಗಂಗಿಲ್ಲ" ಅಂದರು. ಇಬ್ಬರಿಗೂ ಸೇರಿ 160 ರೂಪಾಯಿ. ಮೂರನೇ ರೊಟ್ಟಿಗೆ ದುಡ್ಡು ತಗೊಳ್ಳಲಿಲ್ಲ. ಮರುದಿನವೂ ಅಲ್ಲಿಗೇ ಹೋದೆವು, ಅದೇ ಅಕ್ಕನನ್ನು ಹುಡುಕಿಕೊಂಡು. ಚಿಲ್ಲರೆ ಇಟ್ಟುಕೊಂಡು ಹೋಗಿ, ನೆಲಕ್ಕೆ ಕೂರಲು ನಾಚಿಕೆ ಬೇಡ.

ಬಾದಾಮಿ ಗುಹೆ, ಪಟ್ಟದಕಲ್ಲು, ಐಹೊಳೆ ಬಗ್ಗೆ ನಾನು ಬರೆಯುವುದಿಲ್ಲ, ಎಲ್ಲರೂ ಬರೆದಿದ್ದಾರೆ. ಐಹೊಳೆಯಿಂದ ಅಮೀನಗಡದ ರಸ್ತೆಯಲ್ಲಿ ಅಂಚಿಗೆ ಇಳಿಯಬೇಡಿ ಅಂತ ಮಾತ್ರ ಹೇಳುತ್ತೇನೆ, ಜಾಲಿ ಮುಳ್ಳು. ಎರಡೂ ಬೈಕಿನದು ಟ್ಯೂಬ್‌ಲೆಸ್ ಟೈರ್, ಪಂಕ್ಚರ್ ಕಿಟ್ ಇತ್ತು, ಹತ್ತು ನಿಮಿಷದಲ್ಲಿ ಕೆಲಸ ಮುಗಿಯಿತು. ಕಿಟ್ಟಿನ ಜೊತೆ ಗಾಳಿ ತುಂಬುವ ಸಣ್ಣ ಪಂಪೂ ಇರಲಿ. ಅಮೀನಗಡದಲ್ಲಿ ಕರದಂಟು ತಗೊಂಡೆವು, ಗೋಕಾಕದ್ದಕ್ಕಿಂತ ಇದೇ ರುಚಿ ಅಂತ ನನ್ನ ಅಭಿಪ್ರಾಯ, ಗೋಕಾಕದವರು ಕ್ಷಮಿಸಿ.

ಹುನಗುಂದದ ಹತ್ತಿರ ಹೆದ್ದಾರಿ 50 ಹತ್ತಿದ ಮೇಲೆ ನಿಂಜಾ ತನ್ನ ಊರಿಗೆ ಬಂದ ಹಾಗೆ ಆಯಿತು. ನಾಲ್ಕು ಪಥ, ಬೈಕಿಗೆ ಟೋಲ್ ಇಲ್ಲ, ಆರನೇ ಗೇರಿನಲ್ಲಿ ನೂರಕ್ಕೆ ಬಿಟ್ಟರೆ ಎಂಜಿನ್ ಏದುಸಿರೇ ಬಿಡುವುದಿಲ್ಲ. ನಿಡಗುಂದಿ ಕಡೆ ಕೃಷ್ಣೆ ದಾಟುವಾಗ ಅಡ್ಡಗಾಳಿ ಜೋರಿತ್ತು, ಗಾಡಿ ಅಲುಗಲಿಲ್ಲ. ಹಿಂದೆ ಡಾಮಿನಾರ್ ಮೇಲಿದ್ದ ದೋಸ್ತ ನಿಡಗುಂದಿಯಲ್ಲಿ ನಿಂತಾಗ, ಬೆನ್ನು ನೆಟ್ಟಗೆ ಇತ್ತು, ಸುಖವಾಗಿ ಬಂದೆ ಅಂದ. ನನಗೆ ಮಣಿಕಟ್ಟು ಸ್ವಲ್ಪ ನೋವಿತ್ತು. ದಿನಾ ಪುಣೆ ರಸ್ತೆಯಲ್ಲೇ ಓಡಾಡುವವರಾದರೆ ಯೋಚನೆ ಮಾಡದೆ ದೊಡ್ಡದನ್ನೇ ತಗೊಳ್ಳಿ.

ವಿಜಯಪುರದಲ್ಲಿ ಗೋಳಗುಮ್ಮಟವನ್ನು ಗೇಟಿನ ಹೊರಗಿನಿಂದಲೇ ನೋಡಿದೆವು. ಭಾನುವಾರ, ಶಾಲಾ ಪ್ರವಾಸದ ಸೀಸನ್, ಹದಿನೇಳು ಬಸ್ ಎಣಿಸಿದೆ. ಅಷ್ಟು ಮಕ್ಕಳು ಪಿಸುಗುಟ್ಟುವ ಗ್ಯಾಲರಿಯಲ್ಲಿ ಒಟ್ಟಿಗೆ ಕೂಗಿದರೆ ಏನಾಗುತ್ತದೆ ಅಂತ ನನಗೆ ಗೊತ್ತು, ಚಿಕ್ಕವನಿದ್ದಾಗ ನಾನೂ ಕೂಗಿದ್ದೆ. ನಿಮಗೆ ಗದ್ದಲ ಸಹನೆ ಇದ್ದರೆ ಹೋಗಿ.

ಇನ್ನು ದುಡ್ಡಿನ ಮಾತು. 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ಮೇಲಿನ ಬೈಕಿಗೆ ಜಿಎಸ್‌ಟಿ ಶೇ. 40. ಅದರ ಮೇಲೆ ನಮ್ಮ ರಾಜ್ಯದ ರೋಡ್ ಟ್ಯಾಕ್ಸ್, ಇನ್ಶೂರೆನ್ಸ್. ಶೋರೂಮಿನವರು ಹೇಳುವ ಬೆಲೆ ಒಂದು, ಕೈಗೆ ಕೀ ಬರುವಾಗಿನ ಬೆಲೆ ಇನ್ನೊಂದು, ಆನ್ ರೋಡ್ ಎಷ್ಟು ಅಂತ ಬರೆಸಿಕೊಳ್ಳಿ. ಪಕ್ಕದ ರಾಜ್ಯದ ಅಡ್ರೆಸ್ ಕೊಟ್ಟು ಅಲ್ಲಿ ರಿಜಿಸ್ಟರ್ ಮಾಡಿಸೋಣ ಅನ್ನುವವರು ಬೆಳಗಾವಿಯಲ್ಲಿ ಬೇಕಾದಷ್ಟು ಸಿಗುತ್ತಾರೆ, ಕಿವಿ ಕೊಡಬೇಡಿ. ಸರ್ವಿಸ್ ಎಲ್ಲಿ ಅಂತ ಮೊದಲೇ ಕೇಳಿ. ದೋಸ್ತ ಪ್ರತಿ ಸರ್ವಿಸಿಗೂ ಒಂದು ದಿನ ರಜೆ ಹಾಕಿ ಬೇರೆ ಊರಿಗೆ ಹೋಗಿ ಬರುತ್ತಾನೆ, ಬ್ರೇಕ್ ಲಿವರ್ ಒಂದು ಮುರಿದದ್ದಕ್ಕೆ ಮೂರು ವಾರ ಕಾದಿದ್ದಾನೆ.

ಟೆಸ್ಟ್ ರೈಡಿಗೆ ಮಧ್ಯಾಹ್ನ ಒಂದೂವರೆಗೆ ಹೋಗಿ, ಬೆಳಿಗ್ಗೆ ಅಲ್ಲ. ನಿಮ್ಮ ಹಿಂದೆ ದಿನಾ ಯಾರು ಕೂರುತ್ತಾರೋ ಅವರನ್ನೇ ಕೂರಿಸಿಕೊಳ್ಳಿ. ಇಳಿದ ಮೇಲೆ "ಹೆಂಗಿತ್ತು" ಅಂತ ಅವರನ್ನು ಕೇಳಿ, ಮಾರುವವನನ್ನಲ್ಲ. ಅರ್ಧ ಗಂಟೆ ಕೊಡುವುದಿಲ್ಲ ಅಂದರೆ ಬುಕಿಂಗ್ ದುಡ್ಡು ಕೊಡಬೇಡಿ, ಅದೇ ಬೈಕ್ ಇಟ್ಟುಕೊಂಡವರನ್ನು ಹುಡುಕಿ ಪೆಟ್ರೋಲ್ ಹಾಕಿಸಿ ಕೇಳಿ.

ವಾಪಸ್ ಬರುವಾಗ ಕೊಲ್ಹಾರದಲ್ಲಿ ನಿಂತೆವು, ಮೊಸರಿಗೆ. ಗಡಿಗೆ ಮೊಸರು, ಮಗುಚಿದರೂ ಬೀಳುವುದಿಲ್ಲ ಅಂತಾರಲ್ಲ, ಅದು. ಇಬ್ಬರೂ ಒಂದೊಂದು ಗಡಿಗೆ ತಗೊಂಡೆವು. ದೋಸ್ತ ನಿಂಜಾದ ಹಿಂದಿನ ಸೀಟಿನ ಮೇಲೆ ಇಟ್ಟು ನೋಡಿದ, ಅದು ಅಂಗೈ ಅಗಲದ ಸೀಟು, ಕೆಳಕ್ಕೆ ಇಳಿಜಾರು, ಹಗ್ಗ ಕಟ್ಟಲು ಕೊಂಡಿ ಸಿಗಲಿಲ್ಲ. ಮಾರುವ ಅಕ್ಕ ಹೇಳಿದರು, "ತಮ್ಮಾ, ಅದರಾಗ ನಿಲ್ಲಂಗಿಲ್ಲ, ಆ ಗಾಡಿಗೆ ಕಟ್ಟು." ಎರಡೂ ಗಡಿಗೆ ನನ್ನ ಡಾಮಿನಾರಿನ ಕ್ಯಾರಿಯರ್ ಮೇಲೆ ಕೂತವು, ನನ್ನ ಹಳೆ ಟವೆಲ್ ಸುತ್ತಿ. ಯರಗಟ್ಟಿವರೆಗೆ ದೋಸ್ತ ನನ್ನ ಹಿಂದೆಯೇ ಬಂದ, ಒಂದೂ ಸಲ ಓವರ್‌ಟೇಕ್ ಮಾಡಲಿಲ್ಲ. ಗಡಿಗೆ ಅಲುಗಾಡುತ್ತದಾ ಅಂತ ನೋಡುತ್ತಿದ್ದನಂತೆ.