ಬರೆಯುವುದನ್ನು ಬಿಟ್ಟು ವರ್ಷಗಳಾದವು, ಮತ್ತೆ ಹೇಗೆ ಶುರು ಮಾಡಲಿ?

ಈ ಪ್ರಶ್ನೆಯನ್ನು ಕೇಳುವವರು ಸಾಮಾನ್ಯವಾಗಿ ದನಿ ತಗ್ಗಿಸುತ್ತಾರೆ. ಜನರಿರುವ ಕಡೆಯಾದರೆ ಪಕ್ಕಕ್ಕೆ ಕರೆದು ಕೇಳುತ್ತಾರೆ. ಫೋನಿನಲ್ಲಾದರೆ ಉಳಿದೆಲ್ಲ ಮಾತು ಮುಗಿದ ಮೇಲೆ, "ಇನ್ನೊಂದು ವಿಷಯ" ಎಂದು ಶುರುಮಾಡುತ್ತಾರೆ. "ನಾನೂ ಒಂದು ಕಾಲದಲ್ಲಿ ಕಥೆ ಬರೆಯುತ್ತಿದ್ದೆ. ನಿಂತು ಎಂಟು ವರ್ಷವಾಯಿತು. ಬರೆಯಬೇಕು ಅನಿಸುತ್ತದೆ, ಕೂತರೆ ಏನೂ ಬರುವುದಿಲ್ಲ. ನೀವು ಹೇಗೆ ಮರಳಿದಿರಿ?" ವರ್ಷದ ಲೆಕ್ಕ ಮಾತ್ರ ಒಬ್ಬೊಬ್ಬರದು ಒಂದೊಂದು. "ಒಂದು ಕಾಲದಲ್ಲಿ" ಎನ್ನುವಾಗ ಎಲ್ಲರಲ್ಲೂ ಕಾಣುವುದು ಒಂದೇ ಸಂಕೋಚ, ತೀರಿಸದೆ ಉಳಿದ ಸಾಲದ ಮಾತೆತ್ತಿದ ಹಾಗೆ.

ನಾನು ಬರೆಯದೆ ಇದ್ದದ್ದು 12 ವರ್ಷ. 30ರಲ್ಲಿ ಕೈಬಿಟ್ಟದ್ದನ್ನು 42ರಲ್ಲಿ ಮತ್ತೆ ಹಿಡಿದೆ. ಬಿಡಲು ದೊಡ್ಡ ಕಾರಣವೇನೂ ಇರಲಿಲ್ಲ. ಮಗು, ಕೆಲಸ, ಮನೆಯಲ್ಲಿ ಒಬ್ಬರ ದೀರ್ಘ ಕಾಯಿಲೆ. ಈ ತಿಂಗಳೊಂದು ಕಳೆಯಲಿ ಎಂದುಕೊಂಡೆ, ಆ ತಿಂಗಳು ಮುಗಿಯಲೇ ಇಲ್ಲ. ಬರವಣಿಗೆಯನ್ನು ಯಾರೂ ಒಂದು ದಿನ ತೀರ್ಮಾನಿಸಿ ಬಿಡುವುದಿಲ್ಲ. ದಿನಕ್ಕಿಷ್ಟು ಎಂದು ಹಿಂದೆ ಸರಿಯುತ್ತ ಹೋಗಿ, ತಿರುಗಿ ನೋಡುವ ಹೊತ್ತಿಗೆ ಅದು ಕಣ್ಣಿಗೆ ಬೀಳದಷ್ಟು ದೂರವಾಗಿರುತ್ತದೆ. ಆದ್ದರಿಂದ ಯಾಕೆ ಬಿಟ್ಟೆ ಎಂದು ವಿಚಾರಣೆ ನಡೆಸುತ್ತ ಕೂರುವುದು ಬೇಡ. ನನ್ನ ಉತ್ತರ ಇಷ್ಟೇ: ಬಿಟ್ಟಲ್ಲಿಂದ ಹಿಡಿಯಬೇಡಿ, ಈಗ ಇರುವಲ್ಲಿಂದ ಹಿಡಿಯಿರಿ. ಇದು ನನಗೆ ಹೊಳೆದದ್ದು ಒಂದು ವರ್ಷವನ್ನು ಕಳೆದುಕೊಂಡ ಮೇಲೆ.

41ರಲ್ಲಿ ಮೊದಲ ಸಲ ಮರಳಲು ಹೊರಟಾಗ ನಾನು ಮಾಡಿದ್ದು, ಅರ್ಧಕ್ಕೆ ನಿಂತಿದ್ದ ಕಾದಂಬರಿಯನ್ನು ಕಪಾಟಿನಿಂದ ಇಳಿಸಿದ್ದು. 140 ಪುಟ. ಅಧ್ಯಾಯಗಳಿಗೆ ಹೊಡೆದಿದ್ದ ಪಿನ್ನುಗಳು ತುಕ್ಕು ಹಿಡಿದು, ಮೇಲಿನ ಹಾಳೆಗಳ ಮೂಲೆಯಲ್ಲಿ ಕಂದು ಕಲೆ ಮೂಡಿತ್ತು. ಎರಡು ವಾರ ದಿನವೂ ರಾತ್ರಿ ಅದರ ಮುಂದೆ ಕೂತೆ. ಅಲ್ಪವಿರಾಮಗಳನ್ನು ಅತ್ತಿತ್ತ ಸರಿಸಿದೆ. ಒಂದು "ಆದರೆ"ಯನ್ನು "ಆದರೂ" ಮಾಡಿ, ಮರುದಿನ ಮತ್ತೆ "ಆದರೆ" ಮಾಡಿದೆ. ಹೊಸದಾಗಿ ಒಂದು ವಾಕ್ಯವೂ ಹುಟ್ಟಲಿಲ್ಲ. ಹೀಗಿರುವಾಗ 31ನೇ ಪುಟದಲ್ಲಿ ಕಥಾನಾಯಕನ ತಾಯಿ ಬಂದಳು. "43 ವರ್ಷದ ಆ ಮುದುಕಿ ಗೋಡೆ ಹಿಡಿದು ಮೆಲ್ಲಗೆ ಎದ್ದಳು" ಎಂದು ಬರೆದಿದ್ದೆ. ಅದನ್ನು ಬರೆದಾಗ ನನಗೆ 29. ಓದುತ್ತಿರುವ ನನಗೆ ಆ ವಯಸ್ಸಿಗೆ ಎರಡೇ ವರ್ಷ ಬಾಕಿ. ಗೋಡೆ ಹಿಡಿಯದೆ ಎದ್ದು ಹೋಗಿ ಹಾಳೆಗಳನ್ನು ಮತ್ತೆ ಕಪಾಟಿನಲ್ಲಿಟ್ಟೆ. ಆ ಕಾದಂಬರಿ ಕೆಟ್ಟದ್ದಾಗಿರಲಿಲ್ಲ. ಅದನ್ನು ಬರೆಯುತ್ತಿದ್ದ ಆ 29ರ ಮನುಷ್ಯ ಈಗ ಇರಲಿಲ್ಲ. ಅಲ್ಲಿಂದ ಮುಂದೆ ಒಂದು ವರ್ಷ ನಾನು ಪೆನ್ನು ಮುಟ್ಟಲಿಲ್ಲ.

ಬಿಟ್ಟಲ್ಲಿಗೇ ಹೋಗಿ ಹಿಡಿಯಲು ನೋಡಿದರೆ ಹೀಗೇ ಆಗುತ್ತದೆ. ಬರೆಯದ ವರ್ಷಗಳಲ್ಲೂ ನಾವು ಓದುತ್ತಿರುತ್ತೇವೆ, ಬದುಕುತ್ತಿರುತ್ತೇವೆ. ಒಳ್ಳೆಯ ವಾಕ್ಯ ಯಾವುದು, ಹುಸಿ ವಾಕ್ಯ ಯಾವುದು ಎಂದು ಗುರುತಿಸುವ ಕಣ್ಣು ಮುಂದೆ ಹೋಗಿರುತ್ತದೆ, ಕೈ ಮಾತ್ರ ಹಿಂದೆ ಉಳಿದಿರುತ್ತದೆ. ಬರೆದದ್ದೆಲ್ಲ ಆ ಕಣ್ಣಿಗೆ ಕಳಪೆಯಾಗಿ ಕಾಣುತ್ತದೆ. ಇದನ್ನೇ ಜನ "ಒಳಗಿನ ಸೆಲೆ ಬತ್ತಿಹೋಗಿದೆ" ಎಂದು ತಿಳಿದು ಎದ್ದುಬಿಡುತ್ತಾರೆ. ಬತ್ತಿರುವುದಿಲ್ಲ. ಕಣ್ಣು ಮತ್ತು ಕೈ ನಡುವೆ ಅಂತರ ಬಿದ್ದಿರುತ್ತದೆ, ಕೈಗೆ ಕೆಲಸ ಕೊಟ್ಟರೆ ಅದು ಕಡಿಮೆಯಾಗುತ್ತದೆ.

ಅದೂ ನಾವು ಹೆದರುವಷ್ಟು ನಿಧಾನವಾಗಿ ಅಲ್ಲ. ಜರ್ಮನಿಯ ಮನಃಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ ತನ್ನ ಮೇಲೆಯೇ ನಡೆಸಿದ ಪ್ರಯೋಗಗಳನ್ನು 1885ರಲ್ಲಿ ಪ್ರಕಟಿಸಿದ. ಅರ್ಥವಿಲ್ಲದ ಅಕ್ಷರಗುಂಪುಗಳನ್ನು ಬಾಯಿಪಾಠ ಮಾಡುವುದು, ಮರೆಯಲು ಬಿಡುವುದು, ಮತ್ತೆ ಕಲಿಯುವುದು. ಎರಡನೆಯ ಸಲ ಕಲಿಯಲು ಮೊದಲಿಗಿಂತ ಕಡಿಮೆ ಹೊತ್ತು ಸಾಕಾಗುತ್ತಿತ್ತು. ಈ ವ್ಯತ್ಯಾಸವನ್ನು ಅವನು "ಉಳಿತಾಯ" ಎಂದು ಕರೆದ. ಬರವಣಿಗೆ ಬಾಯಿಪಾಠವಲ್ಲ, ನಿಜ. ಆದರೂ ಆ "ಉಳಿತಾಯ" ಎಂಬ ಮಾತು ನನಗೆ ದೊಡ್ಡ ಆಸರೆಯಾಯಿತು. ಮರೆತೆ ಅಂದುಕೊಂಡದ್ದು ಎಲ್ಲೋ ಜಮೆಯಾಗಿರುತ್ತದೆ.

ದೊಡ್ಡ ಬರಹಗಾರರ ಮೌನಗಳನ್ನೂ ಆ ದಿನಗಳಲ್ಲಿ ಹುಡುಕಿ ಓದಿದೆ. ಕೆ.ಎಸ್. ನರಸಿಂಹಸ್ವಾಮಿಯವರ "ಮನೆಯಿಂದ ಮನೆಗೆ" ಬಂದದ್ದು 1960ರಲ್ಲಿ. ಅದಾದ ಮೇಲಿನ ಸಂಕಲನ "ತೆರೆದ ಬಾಗಿಲು" ಬರಲು ಒಂದು ದಶಕಕ್ಕೂ ಹೆಚ್ಚು ಕಾಲ ಹಿಡಿಯಿತು. 1977ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಆ ಪುಸ್ತಕಕ್ಕೆ. ಓದುಗರು ಅವರಿಂದ ಮತ್ತೆ ಮತ್ತೆ ಬಯಸಿದ್ದು 1942ರ "ಮೈಸೂರು ಮಲ್ಲಿಗೆ"ಯನ್ನು. ಮರಳಿದ ಕವಿ ಬರೆದದ್ದು ತಮ್ಮ ಆಗಿನ ವಯಸ್ಸಿನ ಕವಿತೆಗಳನ್ನು. ಇಂಗ್ಲಿಷ್ ಕಾದಂಬರಿಗಾರ್ತಿ ಜೀನ್ ರೀಸ್ 1939ರಲ್ಲಿ ಒಂದು ಕಾದಂಬರಿ ಪ್ರಕಟಿಸಿ, ಮುಂದಿನದನ್ನು ಪ್ರಕಟಿಸಿದ್ದು 1966ರಲ್ಲಿ. ನಡುವೆ 27 ವರ್ಷ. ಆಕೆ ಸತ್ತೇಹೋಗಿದ್ದಾರೆ ಎಂದು ನಂಬಿದವರೂ ಇದ್ದರು. ಮರಳಿದಾಗ ಆಕೆ ತನ್ನದೇ ಕಾಲದ ಯುರೋಪಿನ ಒಂಟಿ ಹೆಂಗಸರ ಕಥೆಯನ್ನು ಮುಂದುವರಿಸಲಿಲ್ಲ. ತಾನು ಹುಟ್ಟಿ ಬೆಳೆದ ಕೆರಿಬಿಯನ್ ನೆಲಕ್ಕೆ, 19ನೇ ಶತಮಾನಕ್ಕೆ ಹೋದರು.

ಪಾಲ್ ವಾಲೆರಿಯದು ಬೇರೆ ಬಗೆ. ಯೌವನದಲ್ಲೇ ಹೆಸರು ಮಾಡಿದ್ದ ಈ ಫ್ರೆಂಚ್ ಕವಿ 1892ರ ಮಾನಸಿಕ ತಳಮಳದ ನಂತರ ಕವಿತೆಯಿಂದ ದೂರವಾಗಿ ಹೆಚ್ಚುಕಡಿಮೆ 20 ವರ್ಷ ಹಾಗೆಯೇ ಉಳಿದ. ಹಳೆಯ ಕವಿತೆಗಳನ್ನು ಒಟ್ಟುಗೂಡಿಸಿಕೊಡು ಎಂದು ಗೆಳೆಯರು ಒತ್ತಾಯಿಸಿದಾಗ, ಕವಿತೆಗೆ ವಿದಾಯ ಹೇಳುವ ಒಂದು ಚಿಕ್ಕ ಪದ್ಯ ಬರೆದು ಸೇರಿಸೋಣ ಎಂದು ಕೂತ. ಅದು ನಾಲ್ಕು ವರ್ಷ ಬೆಳೆದು 500 ಸಾಲು ದಾಟಿ 1917ರಲ್ಲಿ ಹೊರಬಂತು. ವಿದಾಯವೆಂದು ಬರೆಯಲು ಕೂತದ್ದೇ ಮರಳುವಿಕೆಯಾಯಿತು. ಇದರಲ್ಲಿ ಇನ್ನೊಂದು ಸಂಗತಿ ಇದೆ: ಆ ವರ್ಷಗಳಲ್ಲಿ ಅವನು ದಿನವೂ ನಸುಕಿನಲ್ಲಿ ಎದ್ದು ನೋಟ್‌ಬುಕ್ಕುಗಳಲ್ಲಿ ತನ್ನ ಯೋಚನೆಗಳನ್ನು ಬರೆಯುತ್ತಿದ್ದ. ಕವಿತೆ ನಿಂತಿತ್ತು, ಕೈ ನಿಂತಿರಲಿಲ್ಲ. ನನ್ನನ್ನು ಕೇಳುವವರಲ್ಲೂ ಹಲವರು ಪತ್ರ ಬರೆದಿರುತ್ತಾರೆ, ವರದಿ ಬರೆದಿರುತ್ತಾರೆ, ಮಕ್ಕಳಿಗೆ ಕಥೆ ಕಟ್ಟಿ ಹೇಳಿರುತ್ತಾರೆ. "ಏನೂ ಬರೆದಿಲ್ಲ" ಎಂಬ ಅವರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ.

ಇನ್ನು ನನ್ನ ಎರಡನೆಯ ಆರಂಭ. ಒಂದು ಬೆಳಗ್ಗೆ, ಮನೆಯವರು ಏಳುವ ಮುನ್ನ, ಮಗುವಿನ ಹಳೆಯ ಶಾಲಾ ನೋಟ್‌ಬುಕ್ಕಿನ ಖಾಲಿ ಪುಟಗಳನ್ನು ತೆರೆದು ಕೂತೆ. ತುಂಬ ಹೊತ್ತಿನ ಮೇಲೆ ಒಂದು ಸಾಲು ಬಂತು: "ಮುಂಜಾನೆಯ ಹೊಂಬಿಸಿಲು ಕಿಟಕಿಯಿಂದ ಹರಿದು ಬಂದು ಕೋಣೆಯನ್ನು ಬೆಳಗಿತು." ಬರೆದು ತಲೆಯೆತ್ತಿ ನೋಡಿದೆ. ಹೊರಗೆ ಮೋಡ ಕವಿದಿತ್ತು. ಕೋಣೆಯಲ್ಲಿ ದೀಪ ಉರಿಯುತ್ತಿತ್ತು. ಇಲ್ಲದ ಬಿಸಿಲನ್ನು ನನ್ನ ಕೈ ಬರೆದಿತ್ತು, ಯಾವಾಗಲೋ ಓದಿದ ನೂರು ಕಥೆಗಳ ಮೊದಲ ಸಾಲುಗಳಿಂದ ಎತ್ತಿಕೊಂಡು. ಅದನ್ನು ಹೊಡೆದುಹಾಕಿ, ಅದರ ಕೆಳಗೆ ಬರೆದೆ: "ಇವತ್ತು ಬಿಸಿಲಿಲ್ಲ." ಹನ್ನೆರಡು ವರ್ಷದಲ್ಲಿ ನಾನು ಬರೆದ ಮೊದಲ ನಿಜವಾದ ವಾಕ್ಯ ಅದು.

ಮೇಜಿನ ಮೇಲೆ ಅಪ್ಪನ ಕನ್ನಡಕವಿತ್ತು. ಅದರ ಒಂದು ಕಾಲು ಮುರಿದು, ಅಪ್ಪ ಅದಕ್ಕೆ ದಾರ ಸುತ್ತಿದ್ದರು. ಅದನ್ನು ನಾನು ದಿನವೂ ನೋಡಿದ್ದೆ, ಅಂದರೆ ನೋಡಿರಲೇ ಇಲ್ಲ. ಬೆಳಕಿಗೆ ಹಿಡಿದೆ. ದಾರ ಬಿಳಿಯದು, ಕಿವಿ ತಾಗುವ ಕಡೆ ಮಾತ್ರ ಕಂದಾಗಿತ್ತು. ಸುತ್ತುಗಳು ಒತ್ತೊತ್ತಾಗಿ, ಒಂದರ ಮೇಲೊಂದು ಏರದೆ, ಪಕ್ಕಪಕ್ಕ ಕೂತಿದ್ದವು. ಕೊನೆಯ ಗಂಟು ಒಳಮುಖವಾಗಿತ್ತು, ಕೆನ್ನೆಗೆ ಚುಚ್ಚುವಂತೆ. ಹೊರಮುಖವಾಗಿ ಹಾಕಿದ್ದರೆ ಚುಚ್ಚುತ್ತಿರಲಿಲ್ಲ, ಆದರೆ ಎದುರಿಗಿದ್ದವರಿಗೆ ಕಾಣುತ್ತಿತ್ತು. ಅಪ್ಪ ಚುಚ್ಚಿಸಿಕೊಳ್ಳುವುದನ್ನು ಆರಿಸಿಕೊಂಡಿದ್ದರು. ಇಷ್ಟನ್ನು ಏಳು ಸಾಲಿನಲ್ಲಿ ಬರೆದೆ. ಅದು ಕಥೆಯಲ್ಲ, ಪ್ರಬಂಧವೂ ಅಲ್ಲ. ಆದರೆ ಆ ಗಂಟಿನ ಸಾಲು ಬರೆಯುವಾಗ ಎದೆಯಲ್ಲಿ ಏನೋ ಹೊರಳಿತು. ಆ ಹೊರಳುವಿಕೆಯ ಗುರುತು ನನಗೆ ಚೆನ್ನಾಗಿ ಇತ್ತು. 29ರಲ್ಲೂ ಅದು ಹಾಗೆಯೇ ಬರುತ್ತಿತ್ತು.

ಹಾಗಾಗಿ ಕೇಳಿದವರಿಗೆಲ್ಲ ಇದನ್ನೇ ಹೇಳುತ್ತೇನೆ. ವಿಷಯ ಹುಡುಕಬೇಡಿ. ಕೈಗೆಟಕುವ ಒಂದು ವಸ್ತುವನ್ನು ತೆಗೆದುಕೊಂಡು, ಅದರಲ್ಲಿ ನೀವು ಈವರೆಗೆ ಕಾಣದ ಒಂದು ಸಂಗತಿ ಸಿಗುವವರೆಗೆ ನೋಡಿ, ಅದನ್ನು ಬರೆಯಿರಿ. ಉಪಮೆ ಬೇಡ. ಮೊದಲ ತಿಂಗಳು ನಾನು "ಹಾಗೆ", "ಅಂತೆ" ಎಂಬ ಪದಗಳನ್ನೇ ಬಳಸಲಿಲ್ಲ, ಏಕೆಂದರೆ ಕೈಗೆ ಬರುತ್ತಿದ್ದ ಹೋಲಿಕೆಗಳೆಲ್ಲ ಎರವಲು ತಂದವಾಗಿದ್ದವು.

ಹೊತ್ತಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಮುಂದಿನ ಪ್ರಶ್ನೆ ಅದೇ. ಹತ್ತು ನಿಮಿಷ ಸಾಕು. ಬರವಣಿಗೆ ಕಲಿಸುತ್ತಿದ್ದ ಪೀಟರ್ ಎಲ್ಬೋ 1973ರ ತನ್ನ ಪುಸ್ತಕದಲ್ಲಿ ಹತ್ತು ನಿಮಿಷ ಪೆನ್ನು ಎತ್ತದೆ, ತಿದ್ದದೆ, ತೋಚಿದ್ದನ್ನು ಬರೆಯುತ್ತ ಹೋಗುವ ಅಭ್ಯಾಸವನ್ನು ಮುಂದಿಟ್ಟ. ಮೊದಲ ವಾರ ಅದು ನನ್ನನ್ನು ಕಾಪಾಡಿತು. ತಪ್ಪು ಹುಡುಕುವ ಕಣ್ಣಿಗೆ ಹೊತ್ತೇ ಸಿಗಲಿಲ್ಲ. ಎರಡನೆಯ ವಾರಕ್ಕೆ ಅದು ಬರೀ ಗೊಣಗಾಟವಾಯಿತು. ಆಗ ಹತ್ತು ನಿಮಿಷವನ್ನು ಉಳಿಸಿಕೊಂಡು ಅವಸರವನ್ನು ಬಿಟ್ಟೆ. ದಿನಕ್ಕೆ ಸಾವಿರ ಪದ ಎಂಬ ಗುರಿಯನ್ನು ಮರಳಿ ಬರುವವರು ಹಾಕಿಕೊಳ್ಳಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ನಾಲ್ಕನೆಯ ದಿನ ಗುರಿ ತಪ್ಪುತ್ತದೆ, ಐದನೆಯ ದಿನ ನೋಟ್‌ಬುಕ್ಕನ್ನು ನೋಡಲೇ ಸಂಕಟವಾಗುತ್ತದೆ.

ಒಂದು ದಿನ ತಪ್ಪಿದರೆ ಏನೂ ಆಗುವುದಿಲ್ಲ. ಇದನ್ನು ನಾನು ಸಮಾಧಾನಕ್ಕೆ ಹೇಳುತ್ತಿಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರ ಗಮನಿಸಿದರು. ತಿನ್ನುವುದು, ಕುಡಿಯುವುದು, ವ್ಯಾಯಾಮ ಇಂಥ ಚಿಕ್ಕ ಹೊಸ ಅಭ್ಯಾಸವೊಂದು ತಾನಾಗಿ ನಡೆಯುವಂತಾಗಲು ಸುಮಾರು 66 ದಿನ ಬೇಕೆಂದು ಕಂಡುಬಂತು. ಆದರೆ ಅವರು ಲೆಕ್ಕ ಹಾಕಿ ಅಂದಾಜಿಸಿದಂತೆ, ವ್ಯಕ್ತಿಯಿಂದ ವ್ಯಕ್ತಿಗೆ ಅದು 18ರಿಂದ 254 ದಿನಗಳವರೆಗೆ ಹಬ್ಬಿತ್ತು. ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಕುದುರುವುದಕ್ಕೆ ಹೇಳಿಕೊಳ್ಳುವಂಥ ಅಡ್ಡಿಯಾಗಲಿಲ್ಲ. ಬರವಣಿಗೆ ನೀರು ಕುಡಿಯುವುದಕ್ಕಿಂತ ಕಷ್ಟದ ಕೆಲಸ, ಆದ್ದರಿಂದ 21 ದಿನದಲ್ಲಿ ರೂಢಿಯಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನನಗೆ ಸುಮಾರು ಐದು ತಿಂಗಳು ಹಿಡಿಯಿತು. ಆ ಐದು ತಿಂಗಳಲ್ಲಿ ತಪ್ಪಿದ ದಿನಗಳು ಎಷ್ಟೋ.

ಪೆನ್ನೋ ಕಂಪ್ಯೂಟರೋ? ಯಾವುದಾದರೂ ಸರಿ. ಬೆಳಗ್ಗೆಯೋ ರಾತ್ರಿಯೋ? ನಿಮ್ಮನ್ನು ಯಾರೂ ಕರೆಯದ ಹೊತ್ತು. ಯಾರಿಗಾದರೂ ತೋರಿಸಬೇಕೇ? ಮೂರು ತಿಂಗಳು ಯಾರಿಗೂ ಬೇಡ. ಎಷ್ಟೇ ಪ್ರೀತಿಯವರಾದರೂ ಅವರು ನಿಮ್ಮ ಹಳೆಯ ಬರಹವನ್ನು ನೆನಪಿಟ್ಟುಕೊಂಡಿರುತ್ತಾರೆ. "ಮೊದಲಿನ ಹಾಗೆಯೇ ಇದೆ" ಎಂದರೂ, "ಮೊದಲಿನ ಹಾಗಿಲ್ಲ" ಎಂದರೂ ಆಗತಾನೇ ಚಿಗುರುತ್ತಿರುವುದಕ್ಕೆ ಪೆಟ್ಟು ಬೀಳುತ್ತದೆ.

ಕೆಲವರು ಇನ್ನೂ ಮೆಲ್ಲಗೆ ಕೇಳುವ ಪ್ರಶ್ನೆಯೊಂದಿದೆ: ಬರೆಯದ ಆ ವರ್ಷಗಳು ವ್ಯರ್ಥವಾದವೇ? ಒಳಗೊಳಗೇ ಎಲ್ಲ ಮಾಗುತ್ತಿತ್ತು, ಏನೂ ನಷ್ಟವಾಗಿಲ್ಲ ಎಂದು ಹೇಳಿ ಕಳುಹಿಸಬಹುದು. ನಾನು ಹೇಳುವುದಿಲ್ಲ. ನಷ್ಟವಾಗಿದೆ. ನನ್ನ ಅಜ್ಜಿ ಆ 12 ವರ್ಷಗಳ ನಡುವೆ ತೀರಿಕೊಂಡರು. ಸಿಟ್ಟು ಬಂದಾಗ ಅವರು ವಾಕ್ಯವನ್ನು ಕ್ರಿಯಾಪದದ ಹತ್ತಿರ ತಂದು ನಿಲ್ಲಿಸಿಬಿಡುತ್ತಿದ್ದರು, ಆ ಕ್ರಿಯಾಪದವನ್ನು ನಾವೇ ಮನಸ್ಸಿನಲ್ಲಿ ಹೇಳಿಕೊಳ್ಳಬೇಕಾಗಿತ್ತು. ಹಾಗೆ ಮಾತನಾಡುತ್ತಿದ್ದರು ಎಂಬುದು ನೆನಪಿದೆ, ಆಡಿದ ಒಂದು ಮಾತೂ ಇದ್ದಂತೆ ನೆನಪಿಲ್ಲ. ಬರೆಯುತ್ತಿದ್ದರೆ ನಾಲ್ಕಾದರೂ ಉಳಿಯುತ್ತಿದ್ದವು. ಈ ದುಃಖವನ್ನು ನಾನು ತಳ್ಳಿಹಾಕುವುದಿಲ್ಲ. ಅಪ್ಪ ಇರುವಾಗಲೇ ಕನ್ನಡಕದ ಬಗ್ಗೆ ಬರೆಯಲು ಕೂರಿಸಿದ್ದು ಅದೇ.

ನಿಲ್ಲಿಸುವ ರೀತಿಯ ಬಗ್ಗೆ ಒಂದು ಮಾತು ಬಾಕಿ ಇದೆ. ಮುಂದೇನು ಎಂದು ಗೊತ್ತಿರುವಾಗಲೇ ಆ ದಿನದ ಬರಹ ನಿಲ್ಲಿಸಬೇಕು ಎಂದು ಅಮೆರಿಕದ ಕಾದಂಬರಿಕಾರ ಹೆಮಿಂಗ್ವೇ ಕಿರಿಯರಿಗೆ ಹೇಳುತ್ತಿದ್ದ. ನನಗೆ ಸಿಕ್ಕ ಸಲಹೆಗಳಲ್ಲಿ ಇದಕ್ಕಿಂತ ಉಪಯೋಗಕ್ಕೆ ಬಂದದ್ದು ಇನ್ನೊಂದಿಲ್ಲ. ಬರಿದಾಗುವವರೆಗೆ ಬರೆದರೆ ಮರುದಿನ ಖಾಲಿ ಪುಟದ ಮುಂದೆ ಕೂರಬೇಕು. ಅರ್ಧ ವಾಕ್ಯ ಉಳಿಸಿ ಎದ್ದರೆ ಅದು ಇಡೀ ದಿನ ಬೆನ್ನಿಗೆ ಅಂಟಿಕೊಂಡು ಬರುತ್ತದೆ.

ಈಗ ನನಗೆ 45. ಆ 140 ಪುಟಗಳ ಕಾದಂಬರಿ ಇನ್ನೂ ಕಪಾಟಿನಲ್ಲೇ ಇದೆ, ಅದನ್ನು ಮುಗಿಸುವ ಯೋಚನೆ ಇಲ್ಲ. ಆದರೆ 31ನೇ ಪುಟವನ್ನು ಮಾತ್ರ ಪಿನ್ನಿನಿಂದ ಬಿಡಿಸಿ ಮೇಜಿನ ಮೇಲೆ ತಂದಿಟ್ಟುಕೊಂಡಿದ್ದೇನೆ. ಆಗ ಅವಳಿಗೆ ಹೆಸರೇ ಇರಲಿಲ್ಲ, ಬರೀ "ಅವನ ತಾಯಿ". ಈಗ ಹೆಸರಿಟ್ಟಿದ್ದೇನೆ, ಹೊಸ ಕಥೆ ಅವಳದು. ಮಗ ಅದರಲ್ಲಿ ಎರಡು ಸಲ ಬಂದುಹೋಗುತ್ತಾನೆ. ಇವತ್ತು ಬೆಳಗ್ಗೆ ಬರೆದು ನಾನು ಮೇಜಿನಿಂದ ಏಳುವ ಹೊತ್ತಿಗೆ ಅವಳು ಗೋಡೆಯಿಂದ ಕೈ ತೆಗೆದು, ಬಾಗಿಲ ಚಿಲಕದ ಮೇಲೆ ಇಟ್ಟಿದ್ದಳು. ಯಾರು ಬಂದಿದ್ದಾರೆಂದು ನನಗೆ ಗೊತ್ತು. ನಾಳೆ ಬರೆಯುತ್ತೇನೆ.