ಹೊಸ ಶೂ ಹಾಕಿದರೂ ಹಿಂದಿನ ಬ್ರೇಕ್ ಹಿಡಿಯದ ಆರ್‌ಎಕ್ಸ್

ಮನೆಯಲ್ಲೇ ಬಿಚ್ಚಿ ಜೋಡಿಸಿದ ಗಾಡಿಗಳು ಈಗ ನಮ್ಮ ಗ್ಯಾರೇಜಿಗೆ ಜಾಸ್ತಿ ಬರುತ್ತಿವೆ. ಅದರಲ್ಲೂ ಯಮಹಾ ಆರ್‌ಎಕ್ಸ್ 100. 1985ರಿಂದ 1996ರವರೆಗೆ ಬಂದ ಗಾಡಿ ಅದು. ಅಪ್ಪ ಓಡಿಸಿ ಮೂಲೆಗೆ ನಿಲ್ಲಿಸಿದ್ದನ್ನು ಮಗ ರಜೆಯಲ್ಲಿ ಕೂತು ರೆಡಿ ಮಾಡುತ್ತಾನೆ. ಎಂಜಿನ್ ಕೆಲಸ ಚೆನ್ನಾಗಿಯೇ ಮಾಡಿರುತ್ತಾರೆ. ಪೇಂಟಿಂಗ್ ಅಂತೂ ಕೆಲವರದ್ದು ನೋಡಿದರೆ ನಮಗೇ ಹೊಟ್ಟೆಕಿಚ್ಚು. ಆದರೆ ಬರುವ ದೂರು ಹೆಚ್ಚುಕಡಿಮೆ ಒಂದೇ: ಹಿಂದಿನ ಬ್ರೇಕ್ ಹಿಡಿಯಲ್ಲ.

ಮೊನ್ನೆ ಬಂದ ಹುಡುಗನೂ ಅದೇ ಹೇಳಿದ. "ಅಣ್ಣಾ, ಎರಡು ಕಂಪನಿ ಬ್ರೇಕ್ ಶೂ ಹಾಕಿ ನೋಡಿದೆ. ಎರಡೂ ಡೂಪ್ಲಿಕೇಟ್ ಅನ್ಸುತ್ತೆ."

ಡೂಪ್ಲಿಕೇಟ್ ಶೂ ಮಾರ್ಕೆಟ್‌ನಲ್ಲಿ ಇದೆ, ಇಲ್ಲ ಅನ್ನಲ್ಲ. ಆದರೆ ಎಲ್ಲ ಹೊಸ ಸಾಮಾನು ಹಾಕಿದ ಗಾಡಿಯಲ್ಲಿ ನಾನು ಮೊದಲು ಅನುಮಾನ ಪಡುವುದು ಸಾಮಾನಿನ ಮೇಲಲ್ಲ, ಅದನ್ನು ಕೂರಿಸಿದ ರೀತಿಯ ಮೇಲೆ. ಕಾಲಿನ ಒತ್ತಡ ಪೆಡಲ್‌ನಿಂದ ರಾಡ್, ರಾಡ್‌ನಿಂದ ಲಿವರ್, ಲಿವರ್‌ನಿಂದ ಕ್ಯಾಮ್, ಕ್ಯಾಮ್‌ನಿಂದ ಶೂ, ಹೀಗೆ ಹೋಗಬೇಕು. ಕ್ಯಾಮ್ ತಿರುಗಿದಾಗ ಶೂಗಳು ಅಗಲವಾಗಿ, ಅವುಗಳ ಮೇಲಿನ ಲೈನರ್ ಪಟ್ಟಿ ಚಕ್ರದ ಜೊತೆ ತಿರುಗುವ ಡ್ರಮ್‌ನ ಒಳಮೈಗೆ ಒತ್ತಿಕೊಳ್ಳುತ್ತದೆ. ದಾರಿಯಲ್ಲಿ ಎಲ್ಲಿ ಸೋರಿದರೂ ಶೂಗೇ ಬೈಗುಳ.

ಹಾಗಾಗಿ ಚಕ್ರ ಬಿಚ್ಚುವ ಮೊದಲು ಪೆಡಲ್ ಒತ್ತಿ ನೋಡಬೇಕು. ಕಾಲಿಗೆ ತುಂಬಾ ಗೊತ್ತಾಗುತ್ತದೆ. ಪೆಡಲ್ ಮೆತ್ತಗೆ ಸ್ಪಂಜಿನ ಹಾಗೆ ಇಳಿದರೆ ಶೂ ಪೂರ್ತಿ ಕೂರುತ್ತಿಲ್ಲ, ಅಥವಾ ಪೆಡಲ್, ಕ್ಯಾಮ್ ತಿರುಗುವ ಜಾಗದಲ್ಲಿರುವ ಉಂಗುರ, ಅಂದರೆ ಬುಶ್, ಸವೆದಿದೆ. ಓಡಿಸುವಾಗ ಬ್ರೇಕ್ ಹಾಕಿದರೆ ಪೆಡಲ್ ಕಾಲನ್ನು ಮೇಲೆ ಕೆಳಗೆ ತಳ್ಳಿದರೆ ಡ್ರಮ್ ದುಂಡಗಿಲ್ಲ. ಪೆಡಲ್ ಕಲ್ಲಿನ ಹಾಗೆ ಗಟ್ಟಿ, ಆದರೂ ಗಾಡಿ ನಿಲ್ಲಲ್ಲ ಅಂದರೆ ಲಿವರ್ ಕೋನ ನೋಡಬೇಕು, ಇಲ್ಲವೇ ಲೈನರ್ ಗ್ರೀಸ್ ಕುಡಿದಿದೆ. ಇನ್ನೊಂದು ಸಣ್ಣ ವಿಷಯ: ಹೊಸ ಸೈಲೆನ್ಸರ್ ಹಾಕಿದವರ ಗಾಡಿಯಲ್ಲಿ ಪೆಡಲ್ ಅದಕ್ಕೇ ತಾಗಿ ನಿಂತಿರುವುದನ್ನೂ ನೋಡಿದ್ದೇನೆ.

ಈ ಹುಡುಗನದ್ದು ಗಟ್ಟಿ ಪೆಡಲ್. ಅವನನ್ನೇ ಕೂರಿಸಿ ಜೋರಾಗಿ ಒತ್ತಿ ಹಿಡಿಯಲು ಹೇಳಿ ನಾನು ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತೆ. ಬ್ರೇಕ್ ಪೂರ್ತಿ ಹಿಡಿದಾಗ ರಾಡ್‌ಗೂ ಲಿವರ್‌ಗೂ ನಡುವೆ ಹೆಚ್ಚುಕಡಿಮೆ 90 ಡಿಗ್ರಿ ಇರಬೇಕು. ಆಗಲೇ ಎಳೆತ ಪೂರ್ತಿ ಕೆಲಸಕ್ಕೆ ಬರುವುದು. ಇವನ ಲಿವರ್ ಅದನ್ನು ದಾಟಿ ಮುಂದಕ್ಕೆ ವಾಲಿತ್ತು. ಅಡ್ಜಸ್ಟಿಂಗ್ ನಟ್ ರಾಡ್‌ನ ಥ್ರೆಡ್‌ನಲ್ಲಿ ಕೊನೆಯವರೆಗೂ ಹೋಗಿ ನಿಂತಿತ್ತು. ಕಾಲಿನ ಬಲದಲ್ಲಿ ಒಳ್ಳೇ ಪಾಲು ಲಿವರನ್ನು ತಿರುಗಿಸುವ ಬದಲು ಸುಮ್ನೆ ಅದರ ಉದ್ದಕ್ಕೆ ಎಳೆದು ವ್ಯರ್ಥವಾಗುತ್ತಿತ್ತು. "ಮನೇಲಿ 90 ಡಿಗ್ರಿ ನೋಡಿಯೇ ಹಾಕಿದ್ದೆ ಅಣ್ಣಾ" ಅಂದ. ಹೌದು, ನೋಡಿದ್ದ. ಆದರೆ ಪೆಡಲ್ ಬಿಟ್ಟಾಗ ನೋಡಿದ್ದ. ನೋಡಬೇಕಾದ್ದು ಒತ್ತಿದಾಗ.

ಕ್ಯಾಮ್ ತುದಿಯಲ್ಲಿ ಸಣ್ಣ ಹಲ್ಲುಗಳಿರುತ್ತವೆ, ಲಿವರ್ ಅದರ ಮೇಲೆ ಕೂರುತ್ತದೆ. ಒಂದೆರಡು ಹಲ್ಲು ಹಿಂದೆ ಸರಿಸಿ ಹಾಕಿದರೆ ಕೋನ ಸರಿಹೋಗುತ್ತದೆ. ಲಿವರ್ ಎಲ್ಲಿ ಕೂರಬೇಕು ಅಂತ ಕಂಪನಿಯವರು ಹಾಕಿದ ಚುಕ್ಕಿ ಗುರುತು, ಪಂಚ್ ಮಾರ್ಕ್, ಇದ್ದರೆ ಮೊದಲು ಅದಕ್ಕೆ ಕೂರಿಸಿ ನೋಡಿ. ಮಾರ್ಕ್‌ಗೆ ಕೂರಿಸಿದರೂ ಲಿವರ್ ಮುಂದೆ ಹೋಗುತ್ತಿದ್ದರೆ ಹಲ್ಲು ಬದಲಿಸಿ ಖುಷಿಪಡಬೇಡಿ. ಕ್ಯಾಮ್ ಇರಬೇಕಾದ್ದಕ್ಕಿಂತ ಜಾಸ್ತಿ ತಿರುಗುತ್ತಿದೆ ಅಂತ ಅರ್ಥ. ಅಂದರೆ ಡ್ರಮ್ ದೊಡ್ಡದಾಗಿದೆ, ಅಥವಾ ಶೂ ತೆಳುವಾಗಿದೆ. ಹಾಗೇ ಓಡಿಸಿದರೆ ಒಂದು ದಿನ ಕ್ಯಾಮ್ ಪೂರ್ತಿ ಅಡ್ಡ ತಿರುಗಿ ಬ್ರೇಕ್ ಅಲ್ಲೇ ಸಿಕ್ಕಿಕೊಳ್ಳಬಹುದು.

ಇಲ್ಲಿ ಆಗಿದ್ದೂ ಡ್ರಮ್ ದೊಡ್ಡದಾಗಿದ್ದೇ. ಆರ್‌ಎಕ್ಸ್‌ನ ಹಿಂದಿನ ಡ್ರಮ್ 130 ಮಿ.ಮೀ. ಇವನು ಡ್ರಮ್‌ನಲ್ಲಿ ಗೆರೆ ಬಿದ್ದಿದೆ ಅಂತ ಲೇತ್‌ಗೆ ಕೊಟ್ಟು ತಿರುಗಿಸಿದ್ದ, ಅಂದರೆ ಒಳಮೈಯನ್ನು ತೆಳುವಾಗಿ ಕೆರೆಸಿ ನುಣುಪು ಮಾಡಿಸಿದ್ದ. ಸಾಮಾನ್ಯವಾಗಿ ಒಂದು ಮಿ.ಮೀ. ಜಾಸ್ತಿ ಆಗುವವರೆಗೆ ನಡೆಯುತ್ತದೆ, ಇವನದ್ದು ಆ ಅಂಚಿಗೆ ಬಂದಿತ್ತು. ಅಂಗಡಿಯಲ್ಲಿ ಸಿಗುವ ಶೂನ ಬಾಗು 130ಕ್ಕೆ ಮಾಡಿದ್ದು. ದೊಡ್ಡ ಡ್ರಮ್‌ಗೆ ಅದು ನಡುವೆ ಮಾತ್ರ ತಾಗುತ್ತದೆ. ನಂಬಿಕೆ ಬರದಿದ್ದರೆ ಚಾಕ್‌ಪೀಸ್ ತಗೊಳ್ಳಿ. ಲೈನರ್ ತುಂಬಾ ಬಳಿದು, ಚಕ್ರ ಹಾಕಿ, ಕೈಯಲ್ಲಿ ತಿರುಗಿಸುತ್ತಾ ಮೆಲ್ಲಗೆ ಬ್ರೇಕ್ ಒತ್ತಿ, ಮತ್ತೆ ಬಿಚ್ಚಿ ನೋಡಿ. ಇವನ ಶೂನಲ್ಲಿ ಚಾಕ್ ಅಳಿಸಿದ್ದು ನಡುವೆ ಎರಡು ಬೆರಳಗಲ. ಉಳಿದದ್ದೆಲ್ಲ ಬೆಳ್ಳಗೆ ಹಾಗೇ ಇತ್ತು. ಹುಡುಗ ಫೋಟೋ ತೆಗೆದುಕೊಂಡ.

ಇಂಥದ್ದಕ್ಕೆ ಮೂರನೇ ಜೊತೆ ಶೂ ಪರಿಹಾರ ಅಲ್ಲ. ಹಳೇ ಶೂಗೆ ದಪ್ಪ ಲೈನರ್ ಅಂಟಿಸಿ, ಡ್ರಮ್ ಅಳತೆಗೆ ಲೇತ್‌ನಲ್ಲಿ ತಿರುಗಿಸಿಕೊಡುವವರು ಇದ್ದಾರೆ. ಲಾರಿ ಬ್ರೇಕ್ ಕೆಲಸ ಮಾಡುವ ಕಡೆ ಕೇಳಿ. ನಾವು ಹಾಗೇ ಮಾಡಿಸಿದೆವು. ಪಂಚ್ ಮಾರ್ಕ್‌ನಲ್ಲೇ ಕೋನ ಸರಿಯಾಗಿ ಬಂತು.

ಸ್ಪೋಕ್ ಹೊಸದಾಗಿ ಕಟ್ಟಿಸುವವರಿಗೆ ಒಂದು ಮಾತು. ಸ್ಪೋಕ್ ಬಿಗಿಯಾದಾಗ ಹಬ್ ಒಂಚೂರು ಎಳೆದಂತಾಗಿ ಡ್ರಮ್‌ನ ದುಂಡು ಕೆಡಬಹುದು. ಅದಕ್ಕೇ ಸ್ಪೋಕ್ ಕಟ್ಟಿ ಬೆಂಡ್ ತೆಗೆದ ಮೇಲೆ ಡ್ರಮ್ ತಿರುಗಿಸಬೇಕು, ಮೊದಲೇ ಅಲ್ಲ. 18 ಇಂಚಿನ ರಿಮ್ ತಿರುಗುವಷ್ಟು ದೊಡ್ಡ ಲೇತ್ ಹುಡುಕುವುದು ತಲೆನೋವು, ನಿಜ. ಹಬ್‌ಗೆ ಪೌಡರ್ ಕೋಟಿಂಗ್ ಮಾಡಿಸುವಾಗ ಡ್ರಮ್ ಒಳಗೆ ಬಣ್ಣ ಬೀಳದ ಹಾಗೆ ಮುಚ್ಚಿಸಿ. ಕ್ಯಾಮ್‌ಗೆ ಗ್ರೀಸ್ ತೆಳುವಾಗಿ ಸವರಿದರೆ ಸಾಕು. ಜಾಸ್ತಿಯಾಗಿದ್ದು ಬಿಸಿಗೆ ಕರಗಿ ಲೈನರ್‌ಗೆ ಇಳಿಯುತ್ತದೆ. ಗ್ರೀಸ್ ಕುಡಿದ ಲೈನರನ್ನು ಪೆಟ್ರೋಲ್‌ನಲ್ಲಿ ತೊಳೆದು ಮತ್ತೆ ಹಾಕುವವರಿದ್ದಾರೆ. ನಾನು ಹಾಕಲ್ಲ. ಹಳೇ ಡ್ರಮ್ ಒಳಗಿನ ಧೂಳಿಗೆ ಏರ್ ಹೊಡೆಯಬೇಡಿ, ಹಳೇ ಲೈನರ್‌ಗಳಲ್ಲಿ ಆಸ್‌ಬೆಸ್ಟಾಸ್ ಇರುತ್ತಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿ.

ಕೊನೆಗೆ ಚಕ್ರ ಕೂರಿಸುವಾಗ ಆಕ್ಸಲ್ ನಟ್ ಸ್ವಲ್ಪ ಸಡಿಲ ಇರಲಿ. ಒಬ್ಬರು ಪೆಡಲ್ ಜೋರಾಗಿ ಒತ್ತಿ ಹಿಡಿಯಲಿ, ಇನ್ನೊಬ್ಬರು ಆಗ ನಟ್ ಬಿಗಿಮಾಡಲಿ. ಶೂ, ಕ್ಯಾಮ್ ಕೂತಿರುವ ಬ್ರೇಕ್ ಪ್ಲೇಟ್ ಡ್ರಮ್‌ನ ನಡುವಿಗೆ ತಾನೇ ಬಂದು ಕೂರುತ್ತದೆ. ಐದು ಪೈಸೆ ಖರ್ಚಿಲ್ಲದ ಈ ಕೆಲಸಕ್ಕೇ ಕೆಲವು ಗಾಡಿಗಳ ಬ್ರೇಕ್ ಅರ್ಧ ಸುಧಾರಿಸುತ್ತದೆ.

ಎಲ್ಲ ಸರಿಮಾಡಿದರೂ ಹಿಂದಿನ ಬ್ರೇಕ್ ಮುಂದಿನದರಷ್ಟು ಹಿಡಿಯಲ್ಲ. ಬ್ರೇಕ್ ಹಾಕಿದಾಗ ಭಾರ ಮುಂದಿನ ಚಕ್ರಕ್ಕೆ ಹೋಗುತ್ತದೆ. ಆದರೆ ಟೂ ಸ್ಟ್ರೋಕ್‌ನಲ್ಲಿ ಎಂಜಿನ್ ಬ್ರೇಕಿಂಗ್ ಕಡಿಮೆ, ಚಾರ್ಮಾಡಿ ಇಳಿಯುವಾಗ ಹಿಂದಿನ ಬ್ರೇಕ್ ಬೇಕೇ ಬೇಕು. ಹೊಸ ಲೈನರ್ ಕೂರುವವರೆಗೆ ಘಾಟಿ ಕಡೆ ಹೋಗಬೇಡ ಅಂತ ಹುಡುಗನಿಗೆ ಹೇಳಿದ್ದೇನೆ. ಚೈನ್ ಬಿಗಿ ಮಾಡಿದಾಗಲೆಲ್ಲ ಪೆಡಲ್ ಪ್ಲೇ, ಅಂದರೆ ಬ್ರೇಕ್ ಹಿಡಿಯುವ ಮೊದಲು ಪೆಡಲ್ ಸುಮ್ನೆ ಇಳಿಯುವ ದೂರ, 20ರಿಂದ 30 ಮಿ.ಮೀ. ಇದೆಯಾ ನೋಡು ಅಂತಲೂ ಹೇಳಿದೆ. ಚಕ್ರ ಹಿಂದೆ ಸರಿದರೆ ರಾಡ್ ಬಿಗಿಯಾಗುತ್ತದೆ, ಬ್ರೇಕ್ ಹಿಡಿದುಕೊಂಡೇ ಗಾಡಿ ಓಡುತ್ತದೆ, ಲೈನರ್ ಕಾದು ಮೇಲ್ಮೈ ಗಾಜಿನಂತೆ ನುಣುಪಾಗುತ್ತದೆ. ಹಾಗಾದರೆ ಮತ್ತೆ ಬಿಚ್ಚಿ ಎಮರಿ ಪೇಪರ್ ಹಾಕಿ ಉಜ್ಜಬೇಕು.