ಹಳೆ ಲೈನ್ ಕಟ್ ಮಾಡಿಸುವ ಅರ್ಜಿ ಎಲ್ಲಕ್ಕಿಂತ ಕೊನೆಗೆ

ಕಲಬುರಗಿ ಗಂಜ್‌ನ ಅಡತ ಅಂಗಡಿ ಇರಲಿ, ಕಪನೂರಿನ ದಾಲ್ ಮಿಲ್ ಇರಲಿ, ಊರ ನಡುವಿನ ನರ್ಸಿಂಗ್ ಹೋಮ್ ಇರಲಿ, ಹಳೆ ಇಪಿಎಬಿಎಕ್ಸ್ (ಕಚೇರಿಯೊಳಗಿನ ಫೋನ್ ಎಕ್ಸ್‌ಚೇಂಜ್) ಇಳಿಸಿ ಇಂಟರ್‌ನೆಟ್ ಮೇಲೆ ನಡೆಯುವ ಐಪಿ ಫೋನ್ ಹಾಕಿಸುವಾಗ ಕೊಟೇಶನ್‌ನಲ್ಲಿ ಫೋನಿನ ಬೆಲೆ, ವೈರಿಂಗ್, ಎಎಂಸಿ (ವಾರ್ಷಿಕ ನಿರ್ವಹಣೆ ಒಪ್ಪಂದ) ಎಲ್ಲ ಇರುತ್ತದೆ. ಹೊಸದು ಕೈಕೊಟ್ಟ ಮಧ್ಯಾಹ್ನ ಗಿರಾಕಿಯ ಫೋನ್ ಎಲ್ಲಿ ರಿಂಗ್ ಆಗಬೇಕು ಎಂಬ ಒಂದು ಸಾಲು ಮಾತ್ರ ಇರುವುದಿಲ್ಲ. ಅದನ್ನು ನಾವೇ ಬರೆದುಕೊಳ್ಳಬೇಕು.

ಮೊದಲ ತೊಡಕು ನಂಬರಿನದು. ಕಂಪನಿ ಬದಲಿಸಿಯೂ ನಂಬರ್ ಉಳಿಸಿಕೊಳ್ಳುವ ಸೌಲಭ್ಯ ನಮ್ಮಲ್ಲಿ ಮೊಬೈಲಿಗಷ್ಟೇ ಇದೆ, 08472ರ ಲ್ಯಾಂಡ್‌ಲೈನಿಗೆ ಇಲ್ಲ. ಬಿಲ್ ಪುಸ್ತಕದ ಮೇಲೆ, ಚೀಲದ ಮೇಲೆ, ಬೋರ್ಡಿನ ಮೇಲೆ ಅಚ್ಚಾದ ನಂಬರ್ ಹಳೆ ಕಂಪನಿಯದಾಗಿದ್ದರೆ, ಹೊಸ ಲೈನ್ ಬಂದ ಮೇಲೂ ಕನಿಷ್ಠ ಎರಡು ಬಿಲ್ ಅವಧಿ ಹಳೆಯದನ್ನು ಜೀವಂತ ಇಡಿ. ಎಫ್‌ಎಕ್ಸ್‌ಒ ಗೇಟ್‌ವೇ ಒಂದನ್ನು ಇಟ್ಟರೆ ಹಳೆ ತಾಮ್ರದ ಲೈನ್ ಹೊಸ ಸಿಸ್ಟಮ್ಮಿಗೇ ಬಂದು ಸೇರುತ್ತದೆ. ನಾಲ್ಕು ಪೋರ್ಟಿನದು ಸಣ್ಣ ಕಚೇರಿಗೆ ಸಾಕು. ಪಿಆರ್‌ಐ (ಒಟ್ಟಿಗೆ ಹಲವು ಕರೆ ಒಯ್ಯುವ ಡಿಜಿಟಲ್ ಲೈನ್) ಆದರೆ ಅದು ಸಾಲದು, ಅಂಥ ಲೈನಿಗೆಂದೇ ಇರುವ ಇ1 ಗೇಟ್‌ವೇ ಬೇಕು. ಒಂದು ಪಿಆರ್‌ಐನಲ್ಲಿ ಮಾತಿಗೆ 30 ಚಾನೆಲ್ ಇರುತ್ತವೆ.

ಎರಡನೆಯದು ಕರೆಂಟ್. ಇಲ್ಲಿ ಲೆಕ್ಕ ತಪ್ಪುವವರೇ ಹೆಚ್ಚು. ತಾಮ್ರದ ಲೈನಿನ ಫೋನಿಗೆ ಎಕ್ಸ್‌ಚೇಂಜಿನಿಂದಲೇ 48 ವೋಲ್ಟ್ ಬರುತ್ತದೆ, ಜೆಸ್ಕಾಂ ಕರೆಂಟ್ ಹೋದರೂ ಡಯಲ್ ಟೋನ್ ಇರುತ್ತದೆ. ಫೈಬರ್ ಬಂತೆಂದರೆ ಆ ನೆಮ್ಮದಿ ಹೋಯಿತು. ಓಎನ್‌ಟಿ (ಫೈಬರ್ ಬಂದು ಸೇರುವ ಡಬ್ಬ), ರೂಟರ್, ಫೋನುಗಳನ್ನು ಜೋಡಿಸುವ ಸ್ವಿಚ್, ಪಿಬಿಎಕ್ಸ್ (ಹೊಸ ಎಕ್ಸ್‌ಚೇಂಜ್ ಪೆಟ್ಟಿಗೆ) ನಾಲ್ಕರಲ್ಲಿ ಒಂದು ಆರಿದರೂ ಇಡೀ ಕಚೇರಿ ಮೂಕ.

ಲೆಕ್ಕ ಹೀಗೆ: 24 ಫೋನಿಗೆ ತಲಾ 5 ವ್ಯಾಟ್ ಎಂದರೆ 120. ನೆಟ್‌ವರ್ಕ್ ವೈರಿನಲ್ಲೇ ಫೋನಿಗೆ ಕರೆಂಟ್ ಕೊಡುವ ಪಿಒಇ ಸ್ವಿಚ್ ತನಗೇ 30, ಪಿಬಿಎಕ್ಸ್ 30, ಓಎನ್‌ಟಿ ಮತ್ತು ರೂಟರ್ ಸೇರಿ 20. ಒಟ್ಟು 200 ವ್ಯಾಟ್. 1 ಕೆವಿಎ ಯುಪಿಎಸ್‌ನಲ್ಲಿ 12 ವೋಲ್ಟ್ 7 ಎಎಚ್‌ನ ಮೂರು ಬ್ಯಾಟರಿ ಇದ್ದರೆ ಕಾಗದದ ಮೇಲೆ 252 ವ್ಯಾಟ್-ಅವರ್ ಆಗುತ್ತದೆ. ಅಷ್ಟು ಬೇಗ ಹೀರಿದರೆ ಕೈಗೆ ಸಿಗುವುದು ಅದರ ಅರ್ಧ, ಅಂದರೆ 35–40 ನಿಮಿಷ. ಅದೂ ಹೊಸ ಬ್ಯಾಟರಿಗೆ. 25 ಡಿಗ್ರಿಗಿಂತ ಹತ್ತು ಡಿಗ್ರಿ ಏರಿದರೆ ಸೀಲ್ಡ್ ಬ್ಯಾಟರಿಯ ಆಯುಷ್ಯ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ನಮ್ಮ ಮೇ ತಿಂಗಳಲ್ಲಿ ಮೆಟ್ಟಿಲ ಕೆಳಗಿನ ಗೂಡಿನಲ್ಲಿಟ್ಟ ಯುಪಿಎಸ್ ಗತಿ ಏನು ಎಂದು ಬೇರೆ ಹೇಳಬೇಕಿಲ್ಲ. 150 ಎಎಚ್ ಟ್ಯೂಬುಲರ್ ಬ್ಯಾಟರಿಯ ಇನ್ವರ್ಟರ್ ಇದೇ ಲೋಡನ್ನು ಐದು ತಾಸು ಎಳೆಯುತ್ತದೆ. ಆದರೆ ಹಿಂಬದಿಯ ಗುಂಡಿ ಯುಪಿಎಸ್ ಮೋಡ್‌ನಲ್ಲಿ ಇರಲೇಬೇಕು. ಸಾದಾ ಮೋಡ್‌ನಲ್ಲಿ ಕರೆಂಟ್ ಹೋದ ಕ್ಷಣ ಸ್ವಿಚ್ ರೀಬೂಟ್ ಆಗಬಹುದು, ಮತ್ತೆ ಎಲ್ಲ ಫೋನ್ ಏಳುವಷ್ಟರಲ್ಲಿ ಎರಡು ಮೂರು ನಿಮಿಷ ಕಳೆದಿರುತ್ತದೆ.

ಎರಡು ಇಂಟರ್‌ನೆಟ್ ಲೈನ್ ಇದೆ, ಇನ್ನು ಚಿಂತೆಯಿಲ್ಲ ಎಂದು ಕೂರಬೇಡಿ. ಎರಡೂ ಒಂದೇ ಕಂಬದಿಂದ ಇಳಿದಿದ್ದರೆ ಒಂದು ಜೆಸಿಬಿ ಸಾಕು. ಒಂದು ಫೈಬರ್, ಇನ್ನೊಂದು ಬೇರೆ ಕಂಪನಿಯ 4ಜಿ ಇರಲಿ. ವೇಗ ಇಲ್ಲಿ ದೊಡ್ಡ ವಿಷಯವಲ್ಲ: ಜಿ.711 ಎಂಬ ದನಿ ಸಂಕೇತ ಪದ್ಧತಿಯಲ್ಲಿ ಒಂದು ಕರೆಗೆ ಒಂದೊಂದು ದಿಕ್ಕಿಗೆ ಸುಮಾರು 87 ಕೆಬಿಪಿಎಸ್, ಹತ್ತು ಕರೆಗೆ 1 ಎಂಬಿಪಿಎಸ್‌ಗೂ ಕಡಿಮೆ. ಒಂದು ಕಡೆಯ ವಿಳಂಬ 150 ಮಿಲಿಸೆಕೆಂಡ್ ದಾಟದಿರುವುದೇ ಮುಖ್ಯ.

ಇನ್ನೊಂದು ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ. ಲೈನ್ ಬಿದ್ದರೆ ಕರೆ ಮಾಲೀಕರ ಮೊಬೈಲಿಗೆ ಹೋಗಲಿ ಎಂಬ ನಿಯಮವನ್ನು ಪಿಬಿಎಕ್ಸ್ ಒಳಗೇ ಬರೆದಿರುತ್ತಾರೆ. ಪಿಬಿಎಕ್ಸೇ ಸತ್ತಿದ್ದರೆ ಆ ನಿಯಮ ಓದುವವರು ಯಾರು? ಅದು ಎಸ್‌ಐಪಿ ಟ್ರಂಕ್ (ಹೊಸ ಸಿಸ್ಟಮ್ಮಿನ ಹೊರಗಿನ ಲೈನ್) ಕೊಟ್ಟ ಕಂಪನಿಯ ಕಡೆಯೇ ಇರಬೇಕು. ಟ್ರಂಕ್ ರಿಜಿಸ್ಟರ್ ಆಗಿಲ್ಲದಿದ್ದರೆ, ಅಂದರೆ ನಮ್ಮ ಪಿಬಿಎಕ್ಸ್ ಅವರ ಸಂಪರ್ಕದಲ್ಲಿಲ್ಲದಿದ್ದರೆ, ಇಂಥ ನಂಬರಿಗೆ ತಿರುಗಿಸಿ ಎಂದು ಇಮೇಲ್‌ನಲ್ಲಿ ಬರೆಸಿಕೊಳ್ಳಿ, ಆಮೇಲೆ ಪಿಬಿಎಕ್ಸ್ ಕೇಬಲ್ ಕಿತ್ತು ಹೊರಗಿನಿಂದ ಕರೆ ಮಾಡಿ ನೋಡಿ.

ಬದಲಿಸುವ ದಿನ ಯಾವುದು? ತೊಗರಿ ಆವಕ ಜೋರಾಗಿರುವ ಜನವರಿ–ಫೆಬ್ರವರಿ ಬೇಡ, ಶರಣಬಸವೇಶ್ವರ ಜಾತ್ರೆಯ ವಾರವೂ ಬೇಡ. ಶನಿವಾರ ರಾತ್ರಿ ಮಾಡೋಣ ಎಂಬುದು ಎಲ್ಲರ ಸಲಹೆ, ನನಗದು ಒಪ್ಪಿಗೆಯಿಲ್ಲ. ಭಾನುವಾರ ಸಹಾಯಕ್ಕೆ ಜನ ಸಿಗುವುದಿಲ್ಲ, ನಿಜವಾದ ಲೋಡ್ ಬೀಳುವುದು ಸೋಮವಾರ ಮುಂಜಾನೆ. ಮಂಗಳವಾರ ಮಧ್ಯಾಹ್ನ 3ಕ್ಕೆ ಶುರು ಮಾಡಿ, 5ಕ್ಕೆ ಗಡುವು ಇಡಿ. ಅಷ್ಟರಲ್ಲಿ ಪರೀಕ್ಷೆ ಪಾಸಾಗದಿದ್ದರೆ ಹಳೆಯದಕ್ಕೆ ವಾಪಸ್. "ಇನ್ನೊಂದು ಹತ್ತು ನಿಮಿಷ ಸರ್" ಎಂಬ ಮಾತಿಗೆ ಕಿವಿಗೊಡಬಾರದು. ವಾಪಸ್ ಎನ್ನುವ ಅಧಿಕಾರ ಅಂಗಡಿಯವರಲ್ಲಿ ಒಬ್ಬರಿಗಿರಲಿ, ಮಾರಿದವರಿಗೆ ಅಲ್ಲ.

ವಾಪಸ್ ಹೋಗಲು ಹಳೆ ವೈರ್ ಇರಬೇಕಲ್ಲ! ಫೋನ್ ವೈರುಗಳೆಲ್ಲ ಬಂದು ಸೇರುವ ಕ್ರೋನ್ ಮಾಡ್ಯೂಲಿನಿಂದ ವೈರ್ ಜೋಡಿ ಎಬ್ಬಿಸುವ ಮೊದಲು ಫೋಟೊ ತೆಗೆಯಿರಿ, ಪ್ರತಿ ಜೋಡಿಗೂ ಎಕ್ಸ್‌ಟೆನ್ಶನ್ ನಂಬರಿನ ಚೀಟಿ ಕಟ್ಟಿ. ಕತ್ತರಿ ಮುಟ್ಟಲೇಬಾರದು. ಲಿಫ್ಟ್ ಫೋನ್, ಫ್ಯಾಕ್ಸ್, ಅಲಾರಂ ಡಯಲರ್, ವಾಚ್‌ಮನ್ ಕೋಣೆಯ ಡಬ್ಬ ಫೋನ್ ಯಾರ ಪಟ್ಟಿಯಲ್ಲೂ ಇರುವುದಿಲ್ಲ. ಅವು ಕ್ರೋನ್ ಮುಂದೆ ನಿಂತಾಗಲೇ ಸಿಗುವುದು. ಇವಕ್ಕೆ ಹಳೆ ಮಾದರಿಯ ಫೋನ್ ಸಿಕ್ಕಿಸುವ ಎಫ್‌ಎಕ್ಸ್‌ಎಸ್ ಪೋರ್ಟ್ ಬೇಕು.

ಪರೀಕ್ಷೆಗೆ "ಹಲೋ ಕೇಳ್ತದಾ" ಸಾಲದು. ಕರೆ ಸರಿಯಾಗಿ 32 ಸೆಕೆಂಡಿಗೆ ಕಟ್ ಆದರೆ, ಕರೆ ಎತ್ತಿದ್ದು ತಿಳಿಯಿತು ಎನ್ನುವ ಎಸಿಕೆ ಸಂದೇಶ ತಲುಪುತ್ತಿಲ್ಲ ಎಂದರ್ಥ. ಬಹುಪಾಲು, ಕರೆಯ ಸಂದೇಶಗಳನ್ನು ನಡುವೆ ತಿದ್ದುವ ರೂಟರಿನ ಎಸ್‌ಐಪಿ ಎಎಲ್‌ಜಿ ಕಿತಾಪತಿ ಅದು, ಆಫ್ ಮಾಡಿ. 15 ಅಥವಾ 30 ನಿಮಿಷಕ್ಕೆ ಕಟ್ ಆದರೆ, ಕರೆ ಇನ್ನೂ ಇದೆಯೇ ಎಂದು ಆಗಾಗ ಕೇಳುವ ಸೆಷನ್ ಟೈಮರ್ ನೋಡಿ. ಅದಕ್ಕೇ ಒಂದು ಕರೆಯನ್ನು 35 ನಿಮಿಷ ಹಿಡಿದೇ ಇರಬೇಕು. ಒಂದೇ ಕಡೆ ದನಿ ಕೇಳಿದರೆ ರೂಟರಿನ ನ್ಯಾಟ್ (ಒಳಗಿನ ವಿಳಾಸವನ್ನು ಹೊರಗಿನದಕ್ಕೆ ಬದಲಿಸುವ) ಸೆಟ್ಟಿಂಗ್ ಅಥವಾ ದನಿ ಹಾಯುವ ಆರ್‌ಟಿಪಿ ಪೋರ್ಟ್. 2021ರ ಜನವರಿ 15ರಿಂದ ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಮೊದಲು 0 ಬೇಕು. ಹೊರಗಿನ ಲೈನಿಗೂ 0 ಒತ್ತುವ ಕಚೇರಿಯಲ್ಲಿ ಎರಡು 0 ಆಗುತ್ತದೆ, ಡಯಲ್ ಪ್ಲಾನ್‌ನಲ್ಲಿ ಸರಿಪಡಿಸಿ. 112 ಮತ್ತು 108ಕ್ಕೆ 0 ಹಾಕಿದರೂ, ಹಾಕದಿದ್ದರೂ ದಾರಿ ಇದೆಯೇ ನೋಡಿಕೊಳ್ಳಿ. ಐಎಸ್‌ಡಿ ಬೇಡದಿದ್ದರೆ ಟ್ರಂಕ್ ಮಟ್ಟದಲ್ಲೇ ಮುಚ್ಚಿಸಿ. ಡೀಫಾಲ್ಟ್ ಪಾಸ್‌ವರ್ಡಿನ ಪಿಬಿಎಕ್ಸ್ ಹುಡುಕಿ ಅದರಿಂದ ಐಎಸ್‌ಡಿ ಮಾಡುವ ಕಳ್ಳರು ರಾತ್ರಿಯಿಡೀ ಎದ್ದಿರುತ್ತಾರೆ.

ಎಂಜಿನಿಯರ್ ಹೈದರಾಬಾದಿನಿಂದ ಬರಬೇಕೆಂದರೆ ಅರ್ಧ ದಿನ, ಬೆಂಗಳೂರಾದರೆ ಒಂದು ರಾತ್ರಿ. ಹಾಗಾಗಿ ಒಂದು ಪಿಒಇ ಸ್ವಿಚ್, ಎರಡು ಫೋನ್, ಒಂದು ಓಎನ್‌ಟಿ ಅಡಾಪ್ಟರ್, ಕಾನ್ಫಿಗರೇಶನ್ ಬ್ಯಾಕಪ್ ಇರುವ ಪೆನ್‌ಡ್ರೈವ್ ಬೀರುವಿನಲ್ಲೇ ಇರಲಿ. ಬೀರುವಿನ ಕೀಲಿ ಯಾರ ಬಳಿ ಇದೆ ಎಂಬುದನ್ನೂ ಬರೆದಿಡಿ.

ಎರಡು ತಿಂಗಳಾದ ಮೇಲೆ ಹಳೆ ನಂಬರಿನ ಒಳಬರುವ ಕರೆಗಳ ಲಾಗ್ ತೆಗೆಯಿರಿ. ದಿನಕ್ಕೆ ಒಂದೆರಡಷ್ಟೇ ಬರುತ್ತಿದ್ದರೆ, ಅವೂ ವಿಮೆಯವರದೇ ಆಗಿದ್ದರೆ, ಆಗ ಅರ್ಜಿ ಬರೆದು ಡಿಪಾಸಿಟ್ ರಸೀದಿಯ ನಕಲು ಲಗತ್ತಿಸಿ.